ಲಕ್ಷ ರೂಪಾಯಿಯ ರಾಟೆ

ಒಬ್ಬ ಮನುಷ್ಯನು ದಿನವೊಂದಕ್ಕೆ ಎಷ್ಟು ಕೆಲಸ ಮಾಡಬಲ್ಲನು? ಇಂದು ನಗರದ ಅನೇಕ ಕಚೇರಿಗಳ ಬಾಗಿಲಲ್ಲಿಯೇ ಈ ಪ್ರಶ್ನೆ ಕಾದು ನಿಂತಿರುತ್ತದೆ. ಒಳಗೆ ಕಾಲಿಡುವಾಗ ಬೆರಳಿನ ಗುರುತು ಕೊಡಬೇಕು, ಇಲ್ಲವೆ ಯಂತ್ರಕ್ಕೆ ಮುಖ ತೋರಿಸಬೇಕು. ಕಂಪ್ಯೂಟರಿನ ಮುಂದೆ ಕುಳಿತವನ ಬೆರಳು ಎಷ್ಟು ಹೊತ್ತು ಆಡಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನು ಬರೆದಿಡುವ ಏರ್ಪಾಡುಗಳೂ ಬಂದಿವೆ. ಕಾಗದಪತ್ರಗಳನ್ನು ತಾನೇ ಬರೆಯುವ, ದೊಡ್ಡ ವರದಿಯನ್ನು ಚಿಕ್ಕದಾಗಿ ಹೇಳುವ ಕೃತಕ ಬುದ್ಧಿಯೂ ಮೇಜಿನ ಮೇಲೆ ಬಂದು ಕುಳಿತಿದೆ. ಇವೆಲ್ಲವುಗಳಿಂದ ದುಡಿಮೆಗಾರನ ಉತ್ಪಾದನೆ ಹೆಚ್ಚುವುದೆಂದು ಮಾಲೀಕರು ಹೇಳುತ್ತಾರೆ. ಸಂಜೆ ಮನೆಗೆ ಬಂದ ಮಗನಾಗಲಿ, ಸೊಸೆಯಾಗಲಿ ದಣಿವು ಮಾತ್ರ ಕಡಿಮೆಯಾಗಲಿಲ್ಲವೆಂದು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿರುವುದು ಸಾಧ್ಯ.

ಈ ವಾದ ಹೊಸದೆಂದು ಭಾವಿಸುವವರು ಬೆಳಗಾವಿ ಜಿಲ್ಲೆಯ ನೇಸರಗಿಯ ಸುತ್ತಲಿನ ಸೀಮೆಯನ್ನೊಮ್ಮೆ ನೋಡಬೇಕು.

ಅರಳೆಯ ನಾಡು

ಬೆಳಗಾವಿಯಿಂದ ಯರಗಟ್ಟಿಯ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಹೆದ್ದಾರಿಯಲ್ಲಿ ನೇಸರಗಿ ಸಿಗುತ್ತದೆ. ರಟ್ಟ ಅರಸರ ಕಾಲದ ಶಾಸನವನ್ನು ಉಳಿಸಿಕೊಂಡಿರುವ ಹಳೆಯ ಊರಿದು. ತೆಂಕಣಕ್ಕೆ ಅರಳೆಯ ಪೇಟೆಯೆಂದು ಹೆಸರಾದ ಬೈಲಹೊಂಗಲ, ಬಡಗಣಕ್ಕೆ ಗೋಕಾಕ, ಪಡುವಣ ಮಗ್ಗುಲಿಗೆ ಹುದಲಿ, ಮೂಡಣದಲ್ಲಿ ಸವದತ್ತಿ ಸೀಮೆಯ ಗುರ್ಲಹೊಸೂರು. ನಡುವೆಲ್ಲ ಎರೆ ಭೂಮಿ. ಹತ್ತಿ ಬೆಳೆಯುವ ನೆಲದಲ್ಲಿ ನೂಲುವ ಕೈಗಳೂ ನೇಯುವ ಮಗ್ಗಗಳೂ ಇದ್ದುದು ಸಹಜವೇ. ಮಗ್ಗದ ದುಡಿಮೆಯನ್ನು ಅಳೆಯುವ ಹವ್ಯಾಸ ಅರಸರಿಗೂ ಇತ್ತೆಂಬುದಕ್ಕೆ ಕನ್ನಡ ನಾಡಿನ ಶಾಸನಗಳಲ್ಲಿ ಬರುವ 'ಮಗ್ಗದೆರೆ'ಯೇ ಸಾಕ್ಷಿ.

ಈ ಸೀಮೆಗೆ ಯಂತ್ರಯುಗ ಬಂದದ್ದು ಬಲು ಬೇಗ. 1887ರಲ್ಲಿಯೇ ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ತಿರುಗತೊಡಗಿತು. ಘಟಪ್ರಭೆಯ ನೀರು ಧುಮುಕುವ ಬಲವೇ ಅಲ್ಲಿಯ ಕದಿರುಗಳನ್ನು ಆಡಿಸಿತು. ಹಳ್ಳಿಯ ಹೆಣ್ಣುಮಗಳು ಒಂದು ಕದಿರಿನ ಮೇಲೆ ಒಂದು ಎಳೆ ತೆಗೆಯುವಷ್ಟರಲ್ಲಿ ಗಿರಣಿಯ ಒಂದು ಸಾಲು ನೂರಾರು ಎಳೆ ತೆಗೆಯುತ್ತಿತ್ತು. ಆ ಸ್ಪರ್ಧೆಯಲ್ಲಿ ಯಾರು ಗೆದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಬ್ಬರು ನೆರೆಯವರು

ಇದೇ ಸೀಮೆಯಿಂದ ಇಬ್ಬರು ಹಿರಿಯರು ಹೊರಟು ಈ ಪ್ರಶ್ನೆಗೆ ಎರಡು ದಾರಿಯಲ್ಲಿ ಉತ್ತರ ಹುಡುಕಿದರು.

ಒಬ್ಬರು, 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದ ಅವರಿಗೆ ಬಣ್ಣಗಳ ಭೇದ ಸರಿಯಾಗಿ ಕಾಣಿಸದೆಂಬುದು ತಿಳಿದಾಗ ಯಂತ್ರಗಳ ನಕಾಶೆಯತ್ತ ಹೊರಳಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿದ ಉದ್ಯೋಗ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬೆಳೆಯಿತು. ಆದರೆ ನೇಗಿಲನ್ನು ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಕಿದರೆ ಭೂಮಿ ವಿಷವಾಗುವುದೆಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. 1910ರಲ್ಲಿ ಅವರು ಔಂಧ ಸಂಸ್ಥಾನದ ಕುಂಡಲ ರೋಡಿಗೆ ಕಾರಖಾನೆಯನ್ನು ಸಾಗಿಸಿದರು. ಅದೇ ಕಿರ್ಲೋಸ್ಕರವಾಡಿ.

ಇನ್ನೊಬ್ಬರು, ಹುದಲಿಯ ಗಂಗಾಧರರಾವ್ ದೇಶಪಾಂಡೆ. ಕರ್ನಾಟಕ ಕೇಸರಿಯೆಂದು ಜನ ಕರೆದ ಇವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನು ನಡೆಸಿಕೊಟ್ಟ ಮುಂದಾಳು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿಯೇ ಒಪ್ಪಿಗೆ ದೊರೆಯಿತು. ವಕೀಲನಿರಲಿ, ಜಮೀನುದಾರನಿರಲಿ, ಅವನ ನಿಷ್ಠೆಯನ್ನು ಮಾತಿನಿಂದಲ್ಲ, ಗಜದ ಅಳತೆಯಿಂದ ನೋಡಲಾಯಿತು. ದೇಶಪಾಂಡೆಯವರು ಹುದಲಿಯಲ್ಲಿ ಖಾದಿಯ ಕಾರ್ಯವನ್ನು ನೆಲೆಗೊಳಿಸಿದರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಲನಕ್ಕಾಗಿ ಗಾಂಧೀಜಿ ಅಲ್ಲಿಗೆ ಬಂದು ತಂಗಿದ್ದರು.

ಒಬ್ಬರು ಯಂತ್ರದ ಕಡೆ, ಇನ್ನೊಬ್ಬರು ರಾಟೆಯ ಕಡೆ ಎಂದು ನಾವು ಸುಲಭವಾಗಿ ಭಾಗ ಮಾಡಿಬಿಡುತ್ತೇವೆ. ಆದರೆ ಇವೆರಡೂ ದಾರಿಗಳು ಒಂದೆಡೆ ಕೂಡಿದ್ದುಂಟು.

ಬಹುಮಾನದ ನಿಬಂಧನೆಗಳು

1929ರ ಜುಲೈಯಲ್ಲಿ ಅಖಿಲ ಭಾರತ ಚರಕಾ ಸಂಘವು ಒಂದು ಪ್ರಕಟಣೆ ಹೊರಡಿಸಿತು: ಹೆಚ್ಚು ನೂಲು ತೆಗೆಯುವ ಸುಧಾರಿಸಿದ ರಾಟೆಯನ್ನು ರಚಿಸಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ! ಚಿನ್ನ ತೊಲೆಗೆ ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಕಾಲದಲ್ಲಿ ಇದೆಂಥ ಮೊತ್ತವೆಂಬುದನ್ನು ವಾಚಕರೇ ಊಹಿಸಬಹುದು. ಯಂತ್ರದ ವೈರಿಯೆಂದು ಹೆಸರಾದ ಮಹಾತ್ಮರ ಸಂಘವೇ ಯಂತ್ರಕ್ಕಾಗಿ ಲಕ್ಷ ರೂಪಾಯಿ ಮುಂದಿಟ್ಟಿತು.

ಆ ಪ್ರಕಟಣೆಯ ನಿಬಂಧನೆಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು. ರಾಟೆ ಹಗುರವಾಗಿರಬೇಕು, ಹಳ್ಳಿಯ ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ಸಹಜವಾಗಿ ನಡೆಸುವಂತಿರಬೇಕು. ಹೆಂಗಸೊಬ್ಬಳು ಹೆಚ್ಚಿನ ಆಯಾಸವಿಲ್ಲದೆ ಎಂಟು ತಾಸು ಅದರ ಮುಂದೆ ಕೂಡುವಂತಿರಬೇಕು. ಆ ಎಂಟು ತಾಸಿನಲ್ಲಿ 12ರಿಂದ 20ನೆಯ ನಂಬರಿನ 16,000 ಅಡಿ ನೂಲು ಬರಬೇಕು. ಹಂಜಿಯನ್ನು ಅದರಲ್ಲಿ ನೂಲಲು ಬರಬೇಕು, ಇಲ್ಲವಾದರೆ ಹಿಂಜುವ ಸಾಧನವೂ ಜೊತೆಗಿರಬೇಕು. ಬೆಲೆ 150 ರೂಪಾಯಿಯನ್ನು ಮೀರಕೂಡದು. ಕಾಲಕಾಲಕ್ಕೆ ದುರಸ್ತಿ ಮಾಡಿದರೆ ಇಪ್ಪತ್ತು ವರ್ಷ ಬಾಳಬೇಕು. ದುರಸ್ತಿಯ ಖರ್ಚು ವರ್ಷಕ್ಕೆ ಬೆಲೆಯ ನೂರಕ್ಕೆ 5ರಷ್ಟನ್ನು ದಾಟಬಾರದು. ರಚಿಸಿದವನು ಅದರ ಹಕ್ಕನ್ನು ಸಂಘಕ್ಕೆ ಬಿಟ್ಟುಕೊಡಬೇಕು.

16,000 ಅಡಿಯೆಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರು. ನಿಮಿಷಕ್ಕೆ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು. ತಾಸಿಗೆ ಮುನ್ನೂರು ನಾನೂರು ಗಜ ನೂಲುವವಳನ್ನು ನುರಿತವಳೆಂದು ಕರೆಯುತ್ತಿದ್ದ ದಿನಗಳಲ್ಲಿ ಇದು ಸುಮಾರು ಇಮ್ಮಡಿ ಉತ್ಪಾದನೆ. ಆದರೆ ಗಮನಿಸಬೇಕಾದುದು ಈ ಅಂಕೆಯನ್ನಲ್ಲ. ಇಷ್ಟೆಲ್ಲ ನಿಬಂಧನೆಗಳಲ್ಲಿ ಉತ್ಪಾದನೆಯ ಮಾತು ಬಂದದ್ದು ಒಂದೇ ಒಂದು. ಉಳಿದವೆಲ್ಲ ನೂಲುವವಳ ಬೆನ್ನು, ಅವಳ ಮನೆ, ಅವಳ ಗಂಟು, ಅವಳ ಊರಿನ ಬಡಿಗ ಕಮ್ಮಾರರ ಶಕ್ತಿ ಇವುಗಳನ್ನು ಕುರಿತವು.

ಕಿರ್ಲೋಸ್ಕರವಾಡಿಯಲ್ಲಿ ತಯಾರಾದ ಒಂದು ಯಂತ್ರವೂ ಪರೀಕ್ಷೆಗೆ ಹೋಯಿತು. ಆದರೆ ನಿಬಂಧನೆಗಳಿಗೆ ಅದು ಹೊಂದಿಬರಲಿಲ್ಲ. ಬಹುಮಾನ ಕೊನೆಗೂ ಯಾರಿಗೂ ಸಲ್ಲಲಿಲ್ಲ. ಹೆಚ್ಚು ನೂಲು ತೆಗೆಯುವ ಯಂತ್ರವನ್ನು ಮಾಡುವುದು ಕಷ್ಟವಾಗಿರಲಿಲ್ಲ. ಗಿರಣಿಯ ಮಾದರಿ ಕಣ್ಣ ಮುಂದೆಯೇ ಇತ್ತು. ದುಡಿಯುವವಳ ಕೈಗೆ ಒಗ್ಗುವ, ಅವಳ ಅಂಕೆಯಲ್ಲಿರುವ ಯಂತ್ರವನ್ನು ಮಾಡುವುದೇ ಕಷ್ಟವಾಯಿತು.

ಅಂಬರ ಚರಕದಿಂದ ಮುಂದೆ

ಸ್ವಾತಂತ್ರ್ಯ ಬಂದ ಮೇಲೆ ತಮಿಳುನಾಡಿನ ಏಕಾಂಬರನಾಥರು ಮತ್ತೊಂದು ರಾಟೆಯನ್ನು ರಚಿಸಿದರು. ಅವರ ಹೆಸರಿನಿಂದಲೇ ಅದು 'ಅಂಬರ ಚರಕ'ವೆನಿಸಿತು. ಹಂಜಿಯನ್ನು ಬೆರಳುಗಳಿಂದ ಎಳೆಯುವ ಬದಲು ಉರುಳೆಗಳ ನಡುವೆ ಎಳೆದು ಹುರಿ ಹಾಕುವ ಗಿರಣಿಯ ಉಪಾಯವನ್ನೇ ಮನೆಯೊಳಗೆ ತಂದ ಸಾಧನವದು. ಒಂದು ಕದಿರಿನ ಜಾಗದಲ್ಲಿ ನಾಲ್ಕು ಕದಿರು, ಕಾಲಕ್ರಮದಲ್ಲಿ ಎಂಟು. 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆ ಇದರ ಮೇಲೆ ದೊಡ್ಡ ಭರವಸೆಯಿಟ್ಟಿತು.

ನೂಲು ಹೆಚ್ಚಿತು, ನಿಜ. ಅದರೊಡನೆ ಒಂದು ಅವಲಂಬನೆಯೂ ಬಂತು. ಹಳೆಯ ರಾಟೆಗೆ ಹೊಲದ ಹತ್ತಿ, ಮನೆಯ ಹಂಜಿ ಸಾಕಾಗುತ್ತಿತ್ತು; ಮುರಿದರೆ ಊರ ಬಡಿಗ ಇದ್ದ. ಹೊಸ ರಾಟೆಗೆ ಒಂದೇ ಹದದಲ್ಲಿ ಸಿದ್ಧಪಡಿಸಿದ ಹಂಜಿಬತ್ತಿ ಬೇಕು. ಕರ್ನಾಟಕದ ಖಾದಿ ಸಂಸ್ಥೆಗಳಿಗೆ ಅದು ಚಿತ್ರದುರ್ಗದಲ್ಲಿರುವ ಖಾದಿ ಆಯೋಗದ ಘಟಕದಿಂದ ಬರಬೇಕು. ಅಲ್ಲಿಂದ ಬರುವುದು ತಡವಾದರೆ ಎಂಟು ಕದಿರುಗಳೂ ಸುಮ್ಮನೆ ನಿಲ್ಲುತ್ತವೆ. ಅಂಥ ದಿನ ನೂಲುವವಳ ಉತ್ಪಾದನೆ ಸೊನ್ನೆ. ತಪ್ಪು ಮಾತ್ರ ಅವಳದಲ್ಲ.

ಕೂಲಿಯ ಲೆಕ್ಕ

ನೂಲಿನ ಮಾತಾಯಿತು, ಇನ್ನು ಅನ್ನದ ಮಾತು. 1935ರಲ್ಲಿ ಗಾಂಧೀಜಿಯವರು ನೂಲುವವಳಿಗೆ ಎಂಟು ತಾಸಿನ ಕೆಲಸಕ್ಕೆ ಎಂಟಾಣೆಯಾದರೂ ಸಿಗಬೇಕೆಂದು ಪಟ್ಟು ಹಿಡಿದರು. ಖಾದಿ ತುಟ್ಟಿಯಾಗಿ ಮಾರಾಟ ನಿಂತೀತೆಂದು ಸಂಘದವರೇ ಅಂಜಿದರು. ಎಂಟಾಣೆ ಸಿಗಲಿಲ್ಲ, ಆದರೆ ಬದುಕಲು ಬೇಕಾಗುವಷ್ಟು ಕೂಲಿ ಎಂಬ ತತ್ತ್ವವನ್ನು ಸಂಘ ಒಪ್ಪಿಕೊಂಡಿತು.

ಇಂದಿನ ಲೆಕ್ಕವನ್ನು ನೋಡೋಣ. ಖಾದಿ ಆಯೋಗವು 2025ರ ಏಪ್ರಿಲ್ 1ರಿಂದ ಲಡಿಯೊಂದರ ಕೂಲಿಯನ್ನು 12 ರೂಪಾಯಿ 50 ಪೈಸೆಯಿಂದ 15 ರೂಪಾಯಿಗೆ ಏರಿಸಿತು. ಒಂದು ಲಡಿಯೆಂದರೆ ಸಾವಿರ ಮೀಟರು ನೂಲು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅಷ್ಟನ್ನು ರಾಟೆಯಿಂದ ಗಳಿಸಬೇಕಾದರೆ ದಿನಕ್ಕೆ ಸುಮಾರು 25 ಲಡಿ, ಅಂದರೆ ನೇಸರಗಿಯಿಂದ ಬೈಲಹೊಂಗಲದವರೆಗೆ ಹಾಸಬಹುದಾದಷ್ಟು ನೂಲು ತೆಗೆಯಬೇಕು! ಲಕ್ಷ ರೂಪಾಯಿಯ ಕನಸಿನ ರಾಟೆಯೇ ಇಂದು ಕೈಗೆ ಬಂದರೂ ಅದರ 16,000 ಅಡಿ ನೂಲಿಗೆ ಸಿಗುವುದು 73 ರೂಪಾಯಿ. ರಾಜ್ಯ ಸರಕಾರದ ಪ್ರೋತ್ಸಾಹಧನ ಇದಕ್ಕೆ ಹೊರತು. ಆದರೂ ಚಿತ್ರ ಬಹಳ ಬದಲಾಗದು. ಯಂತ್ರ ಎಳೆಯನ್ನು ಉದ್ದ ಮಾಡುತ್ತದೆ. ಎಳೆಗೆ ಎಷ್ಟು ಬೆಲೆಯೆಂಬುದನ್ನು ಬೇರೆ ಯಾರೋ ನಿರ್ಧರಿಸುತ್ತಾರೆ.

ಧಾರವಾಡದ ಸಮೀಪದ ಗರಗದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುವವರಿಗೂ, 1957ರಲ್ಲಿ ಸ್ಥಾಪಿತವಾದ ಸಂಘದ ಆಶ್ರಯದಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಹೊಲಿಯುವವರಿಗೂ ಇದು ಚೆನ್ನಾಗಿ ಗೊತ್ತು. ಅಲ್ಲಿ ವೇಗಕ್ಕಿಂತ ಹದವೇ ಮುಖ್ಯ. ಎಳೆಗಳ ಎಣಿಕೆ, ತೂಕ, ಬಣ್ಣ, ಹೊಲಿಗೆ ಎಲ್ಲವೂ ಮಾನಕಕ್ಕೆ ಸರಿಹೊಂದಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಮಾಲು ತಿರಸ್ಕೃತ. ಇಂಥ ನಿಧಾನದ ದುಡಿಮೆಗೆ ಧ್ವಜ ಸಂಹಿತೆಯೇ ಆಸರೆಯಾಗಿತ್ತು. 2021ರ ಡಿಸೆಂಬರಿನಲ್ಲಿ ಆ ಸಂಹಿತೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಬೆಂಗೇರಿಯವರು ಇದನ್ನು ವಿರೋಧಿಸಿದರು. ಅವರ ಕೈಚಳಕ ಒಂದು ದಿನದಲ್ಲಿ ಕುಂದಿರಲಿಲ್ಲ. ಅದನ್ನು ಅಳೆಯುವ ಕೋಲು ಬದಲಾಗಿತ್ತು.

ಕಚೇರಿಯ ರಾಟೆ

ಇನ್ನು ನಮ್ಮ ಕಚೇರಿಗಳಿಗೆ ಬರೋಣ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಒಂದು ವಿನೋದದ ಮಾತು ಹೇಳಿದರು: ಕಂಪ್ಯೂಟರು ಎಲ್ಲೆಲ್ಲಿಯೂ ಕಾಣುತ್ತಿದೆ, ಉತ್ಪಾದನೆಯ ಅಂಕೆಸಂಖ್ಯೆಯಲ್ಲಿ ಮಾತ್ರ ಕಾಣುತ್ತಿಲ್ಲವೆಂದು. ಇದಕ್ಕೆ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಒಂದು ವಿವರಣೆ ಕೊಟ್ಟರು. 1880ರ ದಶಕದಲ್ಲಿ ವಿದ್ಯುತ್ತು ಬಂದರೂ ಅಮೆರಿಕದ ಕಾರಖಾನೆಗಳಿಗೆ ಅದರ ಪೂರ್ಣ ಫಲ ದೊರೆತದ್ದು 1920ರ ದಶಕದಲ್ಲಿ. ಹಬೆಯಂತ್ರವಿದ್ದ ಜಾಗದಲ್ಲಿ ವಿದ್ಯುತ್ ಯಂತ್ರವನ್ನಿಟ್ಟು ಉಳಿದುದನ್ನೆಲ್ಲ ಹಾಗೆಯೇ ಬಿಟ್ಟವರಿಗೆ ಹೆಚ್ಚು ಲಾಭವಾಗಲಿಲ್ಲ. ಕೆಲಸದ ಕ್ರಮವನ್ನೇ ಹೊಸದಾಗಿ ಕಟ್ಟಿದವರಿಗೆ ಆಯಿತು. ಎರಡು ವರ್ಷ ಗಿರಾಕಿಗಾಗಿ ಕಾದ ಕಿರ್ಲೋಸ್ಕರರಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕೆಲಸವನ್ನು ಮಾಡಿಕೊಡುವ ಸಾಧನ ಬೇರೆ, ಕೆಲಸಗಾರನನ್ನು ಕಾಯುವ ಸಾಧನ ಬೇರೆ. ಇವೆರಡನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಮೊಬೈಲಿನ ಮೂಲಕ ದಿನಕ್ಕೆ ಎರಡು ಬಾರಿ ಫೋಟೋ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಕಳ್ಳ ಹಾಜರಿಯನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಆ ಫೋಟೋ ಒಂದು ಬುಟ್ಟಿ ಮಣ್ಣನ್ನೂ ಎತ್ತಲಾರದು. ಎತ್ತಿದ ಮಣ್ಣನ್ನು ಅಳೆಯಲೂ ಆರದು. ಗುಮಾಸ್ತನ ಬೆರಳಾಟ ಎಣಿಸುವ ಏರ್ಪಾಡೂ ಇದೇ ಜಾತಿಯದು. ಯೋಚಿಸುತ್ತ ಕುಳಿತವನು ಅದರ ಕಣ್ಣಿಗೆ ಸೋಮಾರಿ.

ಆದುದರಿಂದ ಕಚೇರಿಗೆ ಹೊಸ ಸಾಧನವೊಂದು ಬಂದಾಗ 1929ರ ಆ ನಿಬಂಧನೆಗಳನ್ನು ಅದರ ಮುಂದಿಟ್ಟು ನೋಡುವುದು ಲೇಸು. ಇದರ ಮುಂದೆ ಎಂಟು ತಾಸು ಕುಳಿತರೆ ಕಣ್ಣು, ಕತ್ತು, ಬೆನ್ನು ತಡೆದಾವೆ? ಕೆಟ್ಟರೆ ಸರಿಪಡಿಸುವವರು ಹತ್ತಿರದಲ್ಲಿದ್ದಾರೆಯೆ? ಇದರ ಬೆಲೆಯನ್ನು ಹೊರುವವರು ಯಾರು? ಎಷ್ಟು ವರ್ಷ ಬಾಳೀತು? ಇದರ ಹಕ್ಕು ಯಾರ ಕೈಯಲ್ಲಿದೆ? ಇವುಗಳಿಗೆ ಉತ್ತರ ಸಿಕ್ಕ ಮೇಲೆ, ಇದರಿಂದ ಎಷ್ಟು ಕೆಲಸ ಹೆಚ್ಚುವುದೆಂದು ಕೇಳಬಹುದು. ಮತ್ತು ಆ ಪ್ರಕಟಣೆಯಲ್ಲಿ ಇಲ್ಲದ, 1935ರಲ್ಲಿ ಸೇರಿದ ಒಂದು ಪ್ರಶ್ನೆಯನ್ನೂ ಮರೆಯಬಾರದು: ಹೆಚ್ಚಿದುದರಲ್ಲಿ ದುಡಿದವರ ಪಾಲೆಷ್ಟು?

ಲಕ್ಷ ರೂಪಾಯಿ ಯಾರಿಗೂ ಸಲ್ಲಲಿಲ್ಲವೆಂಬುದು ನಿಜ. ಆದರೆ ಯಂತ್ರವನ್ನು ಪರೀಕ್ಷಿಸುವ ಬಗೆ ಹೇಗೆಂಬುದು ಆ ಒಂದು ಹಾಳೆಯಲ್ಲಿ ಉಳಿದುಕೊಂಡಿದೆ. ಅದನ್ನು ಬಳಸಲು ಖಾದಿ ಉಡಬೇಕೆಂದಿಲ್ಲ. ಸಂಬಳಕ್ಕಾಗಿ ದುಡಿಯುವ ಯಾರಾದರೂ ಬಳಸಬಹುದು.