‘ಎರಡು ರೂಮಿನ ಮನೆಗೆ ಕಂಟ್ರಾಕ್ಟರ್ ಯಾಕೆ ಮಾರಾಯ್ರೆ?’

ಮಂಗಳೂರಿನ ಅತ್ತಾವರದಲ್ಲಿ ಈಗ ಕಣ್ಣಿಗೆ ಬೀಳುವುದೆಲ್ಲ ಬಹುಮಹಡಿ ಕಟ್ಟಡಗಳೇ. ಆದರೆ ಬಾಬುಗುಡ್ಡೆಯ ಕಡೆಗೋ ರೈಲ್ವೆ ಸ್ಟೇಶನ್ನಿನ ಹಿಂಬದಿಗೋ ಒಳರಸ್ತೆ ಹಿಡಿದರೆ, ಪಾಲಿನಲ್ಲಿ ಬಂದ ಎರಡೂವರೆ ಮೂರು ಸೆಂಟ್ಸ್ ಜಾಗಕ್ಕೆ ಬೇಲಿ ಹಾಕಿ, ಒಂದು ಪುಟ್ಟ ಮನೆಯ ಕನಸು ಕಾಣುವವರು ಇನ್ನೂ ಇದ್ದಾರೆ. ನಾನೂರು ಚದರಡಿ, ಒಂದು ಬೆಡ್‌ರೂಮು, ಒಂದು ಹಾಲು, ಮೂಲೆಯಲ್ಲಿ ಅಡುಗೆ. ಅವರೆಲ್ಲರ ಬಾಯಲ್ಲೂ ಒಂದೇ ಮಾತು: ‘ಇಷ್ಟು ಸಣ್ಣ ಮನೆಗೆ ಕಂಟ್ರಾಕ್ಟರ್ ಯಾಕೆ? ನಾವೇ ನಿಂತು ಕಟ್ಟಿಸಿದರೆ ಅವನ ಲಾಭ ನಮಗೇ ಉಳಿಯಿತಲ್ಲ!’

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಲೆಕ್ಕ ಬಾರದವರಲ್ಲ. ಬ್ಯಾಂಕಿನಲ್ಲಿ ಇದ್ದವರು, ಅಂಗಡಿ ನಡೆಸಿದವರು. ಮನೆ ಎಂದಾಕ್ಷಣ ಮಾತ್ರ ಗುಣಾಕಾರ ಭಾಗಾಕಾರ ಎಲ್ಲ ಮರೆತುಹೋಗುತ್ತದೆ.

ಮೊದಲು ಆ ಲಾಭ ಎಷ್ಟೆಂದು ನೋಡೋಣ. ಲೆಕ್ಕಕ್ಕಾಗಿ ಚದರಡಿಗೆ 2,500 ರೂಪಾಯಿ ಹಿಡಿಯಿರಿ. ನಾನೂರು ಚದರಡಿಗೆ 10 ಲಕ್ಷ. ಕಂಟ್ರಾಕ್ಟರನಿಗೆ ಅದರಲ್ಲಿ ಶೇ 15 ಉಳಿಯುತ್ತದೆ ಎಂದು ಧಾರಾಳವಾಗಿಯೇ ಒಪ್ಪಿಕೊಂಡರೂ ಒಂದೂವರೆ ಲಕ್ಷ. ಇದು ಸುಮ್ಮನೆ ಕೂತವನಿಗೆ ಸಿಗುವ ದುಡ್ಡಲ್ಲ. ಬೆಳಿಗ್ಗೆ ಏಳಕ್ಕೆ ಜನ ಕರೆತರುವುದು, ಬಾರದ ಮೇಸ್ತ್ರಿಯ ಬದಲಿಗೆ ಇನ್ನೊಬ್ಬನನ್ನು ಹಿಡಿಯುವುದು, ಜಲ್ಲಿ ಬರುವ ಮೊದಲೇ ಸಿಮೆಂಟ್ ಬಂದು ಒದ್ದೆಯಾಗದಂತೆ ನೋಡಿಕೊಳ್ಳುವುದು, ಪ್ಲಂಬರನ ಪೈಪು ಹೋದ ಮೇಲೆಯೇ ಸಾರಣೆ ಮಾಡಿಸುವುದು — ಈ ಕೆಲಸಕ್ಕೆ ಅದು ಸಂಬಳ. ನೀವೇ ಮಾಡಿದರೆ ಸಂಬಳ ನಿಮ್ಮದು. ಮಾಡಲು ಬಾರದಿದ್ದರೆ ಆ ಹಣ ಇನ್ನೊಂದು ದಾರಿಯಲ್ಲಿ ಹೋಗುತ್ತದೆ.

ಸೆಂಟ್ರಿಂಗ್ ಶೀಟು, ಜಾಕಿ ಕಂಟ್ರಾಕ್ಟರನ ಹತ್ತಿರ ಸ್ವಂತದ್ದು ಇರುತ್ತವೆ; ನಿಮಗೆ ದಿನಬಾಡಿಗೆ. ಮಿಕ್ಸರ್ ಮಿಷನ್ನಿಗೆ ಇಡೀ ದಿನದ ಬಾಡಿಗೆ ಕೊಡಬೇಕು, ನಿಮ್ಮ ಸ್ಲ್ಯಾಬ್ ಅರ್ಧ ದಿನದಲ್ಲಿ ಮುಗಿದರೂ ಅಷ್ಟೇ. ವರ್ಷವಿಡೀ ಸಿಮೆಂಟ್ ಕೊಳ್ಳುವವನಿಗೆ ಅಂಗಡಿಯವರು ಕೊಡುವ ದರ, ಜೀವಮಾನದಲ್ಲಿ ಒಮ್ಮೆ ಕೊಳ್ಳುವ ನಿಮಗೆ ಸಿಗುವುದಿಲ್ಲ. ಅತ್ತಾವರದ ಓಣಿಗಳಿಗೆ ದೊಡ್ಡ ಲಾರಿ ಬಾರದು. ಕೆಂಪುಕಲ್ಲನ್ನು ಮೇನ್ ರೋಡಿನ ಬದಿಯಲ್ಲಿ ಸುರಿದು ಹೋಗುತ್ತಾರೆ, ಅಲ್ಲಿಂದ ಮನೆಯ ಜಾಗಕ್ಕೆ ಹೊರುವ ಕೂಲಿ ಬೇರೆ. ಇದನ್ನು ಎಸ್ಟಿಮೇಟಿನಲ್ಲಿ ಮೊದಲೇ ಬರೆದಿಟ್ಟ ‘ಸ್ವಯಂ ಕಂಟ್ರಾಕ್ಟರ್’ ಒಬ್ಬನನ್ನೂ ನಾನು ನೋಡಿಲ್ಲ.

ಎಲ್ಲಕ್ಕಿಂತ ದುಬಾರಿ ನಮ್ಮ ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಇಲ್ಲಿ ಮನೆ ಕಟ್ಟುವವನ ವರ್ಷ ಅಕ್ಟೋಬರಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಬಯಲುಸೀಮೆಯಲ್ಲಿ ಮೂರು ವಾರ ತಡವಾದರೆ ಮೂರು ವಾರ ತಡ, ಅಷ್ಟೆ. ಇಲ್ಲಿ ಏಪ್ರಿಲ್‌ನಲ್ಲಿ ಹಾಕಬೇಕಾದ ಸ್ಲ್ಯಾಬ್ ಮೂರು ವಾರ ಜಾರಿ, ಮೇಯಲ್ಲಿ ಜನ ಸಿಗದೆ ಇನ್ನೆರಡು ವಾರ ಹೋದರೆ, ಮಾಡು ಇಲ್ಲದ ಗೋಡೆಗಳು ನಾಲ್ಕು ತಿಂಗಳು ಟಾರ್ಪಾಲಿನ ಕೆಳಗೆ ನೆನೆಯುತ್ತವೆ. ಅಷ್ಟೂ ತಿಂಗಳು ಇರುವ ಮನೆಗೆ ಬಾಡಿಗೆ, ಬ್ಯಾಂಕಿಗೆ ಬಡ್ಡಿ, ಎರಡೂ ಕಟ್ಟಬೇಕು. ಒಂದೂವರೆ ಲಕ್ಷ ಕರಗಲು ಇನ್ನೇನು ಬೇಕು? 2025ರಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಎರಡಕ್ಕೂ ಅಭಾವವಾಗಿ ಕೆಲಸಗಳು ನಿಂತಾಗ ಪಳಗಿದ ಕಂಟ್ರಾಕ್ಟರುಗಳೇ ತಲೆಮೇಲೆ ಕೈಹೊತ್ತು ಕೂತಿದ್ದರು. ಎರಡು ಲೋಡು ಕಲ್ಲು ಬೇಕಾದ ಮನೆಯ ಯಜಮಾನನಿಗೆ ಕ್ವಾರಿಯವನು ಫೋನೂ ಎತ್ತಲಿಲ್ಲ.

ಇನ್ನು ‘ಮನೆ ಸಣ್ಣದಾದರೆ ಖರ್ಚೂ ಅದೇ ಪ್ರಮಾಣದಲ್ಲಿ ಸಣ್ಣದು’ ಎಂಬುದು ಈ ನಂಬಿಕೆಯ ತಮ್ಮ. 40 ಅಡಿಗೆ 40 ಅಡಿಯ ಮನೆ 1,600 ಚದರಡಿ. ಅದರ ಹೊರಗೋಡೆಯ ಸುತ್ತಳತೆ 160 ಅಡಿ. 20ಕ್ಕೆ 20ರ ಮನೆ 400 ಚದರಡಿ. ಸುತ್ತಳತೆ 80 ಅಡಿ. ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯಿತು, ಗೋಡೆ ಇಳಿದದ್ದು ಅರ್ಧಕ್ಕೆ ಮಾತ್ರ. ಅಂದರೆ ಚದರಡಿಗೆ ಬೀಳುವ ಹೊರಗೋಡೆ, ಅದರ ಪಂಚಾಂಗ (ಅಡಿಪಾಯ), ಅದರ ಸಾರಣೆ ಎಲ್ಲ ದುಪ್ಪಟ್ಟು. ಕಕ್ಕಸು, ಅಡುಗೆಕಟ್ಟೆ, ನೀರಿನ ಟಾಂಕಿ, ಮೀಟರ್ ಬೋರ್ಡು ದೊಡ್ಡ ಮನೆಗೂ ಬೇಕು, ಸಣ್ಣದಕ್ಕೂ ಬೇಕು. ಗೋಡೆ ಎಂಟಿಂಚಿನದು ಎಂದುಕೊಂಡರೆ ಆ 400ರಲ್ಲಿ ಒಳಗೆ ಉಳಿಯುವುದು 348 ಚದರಡಿ. ಹೊರಗೋಡೆಯೊಂದೇ ಶೇ 13ರಷ್ಟು ನುಂಗಿತು. ದರ ಹೇಳುವವರು ಮಾತ್ರ ಹೊರ ಅಳತೆಯ ಮೇಲೆಯೇ ಹೇಳುತ್ತಾರೆ, ಕಂಟ್ರಾಕ್ಟರಾಗಲಿ ಮೇಸ್ತ್ರಿಯಾಗಲಿ. ಸಣ್ಣ ಮನೆಗೆ ಚದರಡಿ ದರ ಜಾಸ್ತಿ ಕೇಳಿದವನನ್ನು ಕಳ್ಳ ಎಂದು ಬೈಯುವ ಮೊದಲು ಈ ಲೆಕ್ಕ ಒಮ್ಮೆ ಮಾಡಿ.

ಕೈಯಾರೆ ಮನೆ ಕಟ್ಟಿಕೊಂಡವರ ಕುಲಗುರು ಅಮೆರಿಕದ ಲೇಖಕ ಥೋರೋ. 1845ರಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ 10 ಅಡಿಗೆ 15 ಅಡಿಯ ಗುಡಿಸಲು ಕಟ್ಟಿ, 28 ಡಾಲರ್ ಹನ್ನೆರಡೂವರೆ ಸೆಂಟ್ ಖರ್ಚಾಯಿತು ಎಂದು ಪುಸ್ತಕದಲ್ಲೇ ಪಟ್ಟಿ ಕೊಟ್ಟಿದ್ದಾನೆ. ಆದರೆ ಜಾಗ ಸ್ನೇಹಿತ ಎಮರ್ಸನ್‌ನದು. ಕೊಡಲಿ ಕಡ ತಂದದ್ದು. ಚೌಕಟ್ಟು ಎತ್ತಿ ನಿಲ್ಲಿಸಲು ಪರಿಚಯದವರು ಬಂದಿದ್ದರು. ಮರ, ಕಲ್ಲು, ಮರಳು ಅಲ್ಲಿಯೇ ಪುಕ್ಕಟೆ. ತನ್ನ ಮೈಮುರಿತಕ್ಕೆ ಅವನು ಕೂಲಿ ಹಾಕಲೇ ಇಲ್ಲ. ಇವಿಷ್ಟನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ ಎಂಬುದು ಅವನ ದೊಡ್ಡತನ. ನಮ್ಮವರು ಕೂಲಿ ಬಿಟ್ಟು ಲೆಕ್ಕ ಹೇಳುತ್ತಾರೆ, ಬಿಟ್ಟಿದ್ದೇವೆಂದು ಹೇಳುವುದಿಲ್ಲ. ಹಾಗೆ ನೋಡಿದರೆ ಅತ್ತಾವರದಲ್ಲಿ ಕರಣೆ ಹಿಡಿದವರು ಯಾರಿದ್ದಾರೆ? ಕೊಡೆ ಹಿಡಿದು ನಿಂತವರೇ ಎಲ್ಲ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ‘ಸಣ್ಣ ಮನೆಗೆ ಲೈಸೆನ್ಸ್ ಬೇಡ.’ ಬೇಕು, ಮಹಾನಗರಪಾಲಿಕೆಯ ಪರವಾನಗಿಗೆ ಚದರಡಿಯ ಕೆಳಮಿತಿ ಇಲ್ಲ, ಜಾಗದ ದಾಖಲೆ ಸರಿಯಿಲ್ಲದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರ ಮುಡಾದ ಬಾಗಿಲೂ ತಟ್ಟಬೇಕಾದೀತು. ‘ಹಳೆಯ ಕಂಟೇನರ್ ತಂದು ಇಟ್ಟರಾಯಿತು.’ ಇಪ್ಪತ್ತಡಿಯ ಕಂಟೇನರಿನ ಒಟ್ಟು ಜಾಗ 160 ಚದರಡಿ, ಉಪ್ಪುಗಾಳಿಗೆ ತುಕ್ಕು, ಏಪ್ರಿಲ್ ಬಿಸಿಲಿಗೆ ಒಲೆ. ಅದನ್ನು ಎತ್ತಿ ಇಡುವ ಕ್ರೇನ್ ಆ ಓಣಿಯೊಳಗೆ ತಿರುಗುವುದು ಹೇಗೆಂದು ಕಂಟೇನರ್ ಮನೆಗಳ ವೀಡಿಯೊಗಳಲ್ಲಿ ತೋರಿಸುವುದಿಲ್ಲ. ‘ಅಜ್ಜನ ಹಂಚಿನ ಮನೆ ಇಂಜಿನಿಯರ್ ಇಲ್ಲದೆ ನೂರು ವರ್ಷ ನಿಂತಿತು.’ ನಿಂತಿತು, ಯಾಕೆಂದರೆ ಮೇಲೆ ಇದ್ದದ್ದು ಹಗುರದ ಮಾಡು. ಬಾಸೆಲ್ ಮಿಶನ್ನಿನವರು 1865ರಲ್ಲಿ ಪಕ್ಕದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿಗೆ ಊರೇ ಆ ಮಾಡಿಗೆ ಒಗ್ಗಿತು. ಮರದ ಕೆಲಸದ ಆಚಾರಿಗಳಿಗೆ ಅದು ತಲೆಮಾರುಗಳ ವಿದ್ಯೆಯಾಯಿತು. ನೀವು ಹಾಕಲು ಹೊರಟಿರುವುದು ಕಾಂಕ್ರೀಟ್ ಸ್ಲ್ಯಾಬ್. ಬಿದ್ದುಹೋದ ಅಜ್ಜಂದಿರ ಮನೆಗಳಂತೂ ಸಾಕ್ಷಿ ಹೇಳಲು ಉಳಿದಿಲ್ಲ.

‘ಮಳೆಗಾಲದಲ್ಲಿ ಸ್ಲ್ಯಾಬ್ ಹಾಕಿದರೆ ನೀರು ಹಾಕುವ ಖರ್ಚಿಲ್ಲ’ ಎಂಬುದಕ್ಕೆ ಮಾತ್ರ ಒಂದೆರಡು ಮಾತು ಹೆಚ್ಚು ಬೇಕು, ಯಾಕೆಂದರೆ ಅದನ್ನು ಹೇಳುವವರು ಬಹಳ ಜಾಣರಂತೆ ಕಣ್ಣು ಮಿಟುಕಿಸಿ ಹೇಳುತ್ತಾರೆ. ಹಸಿ ಕಾಂಕ್ರೀಟಿನ ಮೇಲೆ ಬಿದ್ದ ಜಡಿಮಳೆ ಸಿಮೆಂಟಿನ ಹಾಲನ್ನೇ ತೊಳೆದುಕೊಂಡು ಹೋಗುತ್ತದೆ. ನೆನೆದ ಮರಳಿನಲ್ಲಿ ಎಷ್ಟು ನೀರಿದೆಯೆಂದು ತಿಳಿಯದೆ ಮಿಕ್ಸರಿಗೆ ಮತ್ತೆ ನೀರು ಸುರಿದರೆ ಬಲ ಇನ್ನೂ ಕುಸಿಯುತ್ತದೆ. ಪಿಪಿಸಿ ಎಂಬ ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ ಎಡೆಬಿಡದೆ ತೇವ ಇರಬೇಕು ಎನ್ನುತ್ತದೆ ಭಾರತೀಯ ಮಾನಕ 456. ಒಂದು ಗಂಟೆ ಹೊಯ್ದು ಎರಡು ದಿನ ಬಿಸಿಲು ಕಾಯುವ ಮಳೆ ಆ ಲೆಕ್ಕಕ್ಕೆ ಬರುವುದಿಲ್ಲ. ಅದೇ ಮಾನಕ ಇನ್ನೊಂದನ್ನೂ ಹೇಳುತ್ತದೆ: ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿನಲ್ಲಿ ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು. ಸರಳಿನ ಅಡಿಗೆ ಜಲ್ಲಿಚೂರು ಸಿಕ್ಕಿಸಿ ‘ಆಯ್ತು ಸಾರ್’ ಎನ್ನುವ ಮೇಸ್ತ್ರಿಯನ್ನು ನಿಲ್ಲಿಸಲು ಆ ದಿನ ಅಲ್ಲಿ ತಿಳಿದವರೊಬ್ಬರು ಇರಬೇಕು. ಹತ್ತು ವರ್ಷಕ್ಕೆ ಸೀಲಿಂಗ್ ಉದುರಿದಾಗ ‘ಈಗಿನ ಕಬ್ಬಿಣವೇ ಸರಿಯಿಲ್ಲ’ ಎನ್ನುವವರು ಆ ದಿನ ಸಿಮೆಂಟ್ ಚೀಲ ಎಣಿಸುತ್ತಿದ್ದವರೇ.

ನಮ್ಮ ಜನ ಯಾರನ್ನು ನಂಬುತ್ತಾರೆ ನೋಡಿ. ಕಕ್ಕಸನ್ನು ಈಶಾನ್ಯದಿಂದ ಎಬ್ಬಿಸಲು ವಾಸ್ತುವಿನವರಿಗೆ ಕೈಬಿಚ್ಚಿ ಕೊಡುತ್ತಾರೆ. ಸರಳು ಕಟ್ಟಿದ ದಿನ ಬಂದು ನೋಡಲು ಇಂಜಿನಿಯರ್ ಫೀಸು ಕೇಳಿದರೆ ಮುಖ ಸಿಂಡರಿಸುತ್ತಾರೆ. ದಾರಂದ ನಿಲ್ಲಿಸಲು ಮುಹೂರ್ತ ಮೀರಬಾರದು, ಸೆಂಟ್ರಿಂಗ್ ಬಿಚ್ಚಲು ಯಾವ ದಿನವಾದರೂ ಆದೀತು. ಒಕ್ಕಲಿನ ಊಟಕ್ಕೆ ಬಂದ ನೆಂಟರೊಬ್ಬರು ‘ನಾನು ಎಂಟು ಲಕ್ಷದಲ್ಲಿ ಮುಗಿಸಿದೆ’ ಅಂದರೆ ಅದು ವೇದವಾಕ್ಯ. ಎಂಟರಲ್ಲಿ ಶುರುಮಾಡಿ ಹದಿಮೂರಕ್ಕೆ ಮುಟ್ಟಿದವರು ಅದೇ ಪಂಕ್ತಿಯಲ್ಲಿ ಕೂತು ಪಾಯಸ ಉಣ್ಣುತ್ತಿರುತ್ತಾರೆ, ತುಟಿಬಿಚ್ಚುವುದಿಲ್ಲ. ಸೋತವರು ಲೆಕ್ಕ ಹೇಳದ ಊರಿನಲ್ಲಿ ಗೆದ್ದವರ ಲೆಕ್ಕವೇ ಮಾರುಕಟ್ಟೆ ದರವಾಗಿಬಿಡುತ್ತದೆ.

ಕಂಟ್ರಾಕ್ಟರುಗಳೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. ಮುಂಗಡ ತೆಗೆದುಕೊಂಡು ಇನ್ನೊಂದು ಸೈಟಿಗೆ ಜನ ಸಾಗಿಸುವವರನ್ನು, ಸಾರಣೆ ಮುಗಿಯುತ್ತಲೇ ಫೋನ್ ಬಂದ್ ಮಾಡುವವರನ್ನು ಈ ಊರು ಚೆನ್ನಾಗಿಯೇ ಕಂಡಿದೆ. ಸಾಮಾನು ಸಹಿತ ಗುತ್ತಿಗೆಗೆ ಜಿಎಸ್‌ಟಿ ನೋಂದಣಿಯಿರುವವನು ಶೇ 18 ತೆರಿಗೆ ಹಾಕಬೇಕು ಎಂಬುದೂ ನಿಜ. ಆದರೆ ಅದಕ್ಕೆ ದಾರಿ ಎಲ್ಲವನ್ನೂ ತಲೆಮೇಲೆ ಹೊತ್ತುಕೊಳ್ಳುವುದಲ್ಲ. ಸ್ವಂತಕ್ಕೆ ಕಟ್ಟುವ ಒಂಟಿ ಮನೆಯ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಿಮೆಂಟು, ಕಬ್ಬಿಣ, ಕಲ್ಲು ನೀವು ತಂದುಕೊಡಿ. ಸಿಮೆಂಟಿನ ಮೇಲಿದ್ದ ಶೇ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಜನ, ಸೆಂಟ್ರಿಂಗ್, ಮಿಷನ್ನು ಲೇಬರ್ ಕಂಟ್ರಾಕ್ಟಿನವನದ್ದು. ಕೂಲಿಯಾಳು ಮೇಲಿಂದ ಬಿದ್ದರೆ ಹೊಣೆ ಯಾರದು, ವಿಮೆ ಯಾರು ಮಾಡಿಸಬೇಕು ಎಂಬುದು ಕರಾರಿನಲ್ಲಿ ಬರಹದಲ್ಲಿರಲಿ. ದಿನಗೂಲಿಗೆ ನೀವೇ ನೇರ ಕರೆದಿದ್ದರೆ ಬೆರಳು ತೋರಿಸಲು ಬೇರೆ ಯಾರೂ ಇರುವುದಿಲ್ಲ.

ಪುಟ್ಟ ಮನೆಗೆ ನನ್ನ ಮತ ಈ ನಡುವಿನ ದಾರಿಗೆ, ಅದೂ ಎರಡು ಷರತ್ತಿನ ಮೇಲೆ. ಅಕ್ಟೋಬರಿನಿಂದ ಮೇ ತನಕ ಮನೆಯವರಲ್ಲಿ ಒಬ್ಬರಾದರೂ ದಿನಾ ಬೆಳಿಗ್ಗೆ ಸೈಟಿನಲ್ಲಿ ಇರಬೇಕು. ಪಂಚಾಂಗದ ಗುಂಡಿ ತೋಡಿದ ದಿನ, ಸರಳು ಕಟ್ಟಿದ ದಿನ, ಸ್ಲ್ಯಾಬ್ ಹಾಕುವ ದಿನ ಇಂಜಿನಿಯರ್ ಬಂದು ನೋಡಬೇಕು. ದುಬೈಯಲ್ಲಿ ಕೂತು ವಾಟ್ಸಾಪಿನಲ್ಲಿ ಫೋಟೊ ನೋಡಿ ಕಟ್ಟಿಸುವವರು, ರಜೆ ಸಿಗದವರು, ಮೇಸ್ತ್ರಿಯೊಡನೆ ದನಿ ಎತ್ತಲು ಬಾರದವರು ಸುಮ್ಮನೆ ಪೂರ್ತಿ ಗುತ್ತಿಗೆಗೆ ಕೊಡಿ. ಹಣವನ್ನು ಮುಗಿದ ಕೆಲಸದ ಹಂತ ನೋಡಿ ಮಾತ್ರ ಬಿಡುಗಡೆ ಮಾಡಿ, ಕೊನೆಯ ಕಂತನ್ನು ಒಂದು ಪೂರ್ತಿ ಮಳೆಗಾಲ ಕಳೆದು ತಾರಸಿ ಸೋರಲಿಲ್ಲವೆಂದು ಕಂಡ ಮೇಲೆಯೇ ಕೊಡುತ್ತೇನೆಂದು ಕರಾರಿನಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಕಂಟ್ರಾಕ್ಟರನಿಗೆ ಕೆಲಸ ಕೊಡಬೇಡಿ.