ಪರದೇಶಕ್ಕೆ ಹೊರಟ ಹೆವಿ ಲೈಸೆನ್ಸ್

ವಾರಣಾ ನದಿಯ ದಂಡೆಯ ಮೇಲಿರುವ ದಾನೋಳಿ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಕಬ್ಬಿನ ಊರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಈ ಸೀಮೆಯಲ್ಲಿ ಬಹಳ. ಸುತ್ತಲೂ ಸಕ್ಕರೆ ಕಾರ್ಖಾನೆಗಳು, ಹತ್ತಿರದಲ್ಲೇ ಇಚಲಕರಂಜಿಯ ಮಗ್ಗಗಳು, ಆಚೆಗೆ ಕಾಗಲ, ನಿಪ್ಪಾಣಿ ಹಾಯ್ದು ಬೆಂಗಳೂರಿಗೆ ಇಳಿಯುವ ಹೆದ್ದಾರಿ. ಹೀಗಾಗಿ ಇಲ್ಲಿನ ಹುಡುಗರ ಕೈಗೆ ಸ್ಟೀರಿಂಗ್ ಬೇಗ ಬರುತ್ತದೆ. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್, ಆಮೇಲೆ ಯಾವುದಾದರೂ ಲಾರಿಯಲ್ಲಿ ಕ್ಲೀನರ್ ಕೆಲಸ, ವಯಸ್ಸು ತುಂಬಿದ ಮೇಲೆ ಹೆವಿ ಲೈಸೆನ್ಸ್. ಇಂಥವರ ಮೊಬೈಲಿಗೆ ಈಗ ಜಾಹೀರಾತು ಬರುತ್ತದೆ: ಯುರೋಪಿನಲ್ಲಿ ಟ್ರೇಲರ್ ಚಾಲಕರು ಬೇಕು, ಇಂಡಿಯನ್ ಹೆವಿ ಲೈಸೆನ್ಸ್ ಇದ್ದರೆ ಸಾಕು, ಅಲ್ಲಿ ಹೋದ ಮೇಲೆ ಬದಲಾಯಿಸಿ ಕೊಡುತ್ತೇವೆ.

ಈ ಮಾತು ನಿಜವಲ್ಲ. ಇದನ್ನು ನಂಬಿ ಹೊಲ ಒತ್ತೆ ಇಡುವವರು ಇರುವುದರಿಂದ ಸ್ವಲ್ಪ ಬಿಡಿಸಿಯೇ ಹೇಳಬೇಕು.

ನಮ್ಮಲ್ಲಿ ಲಾರಿ ಓಡಿಸಲು ಒಂದೇ ಕಾರ್ಡು. ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕು ಕನಿಷ್ಠ ಒಂದು ವರ್ಷ ಆಗಿರಬೇಕು, ಡ್ರೈವಿಂಗ್ ಸ್ಕೂಲಿನ ಫಾರಂ 5 ಪ್ರಮಾಣಪತ್ರ, ಡಾಕ್ಟರ ಫಾರಂ 1ಎ, ಆರ್‌ಟಿಒದಲ್ಲಿ ಪರೀಕ್ಷೆ. ಅದು ಕೈಗೆ ಬಂದ ದಿನವೇ ಕೆಲಸಕ್ಕೆ ಸೇರಬಹುದು. ಕೊಲ್ಹಾಪುರದ ಆರ್‌ಟಿಒ ಕೊಟ್ಟ ಲೈಸೆನ್ಸ್ ಬೆಳಗಾವಿಯಲ್ಲೂ ನಡೆಯುತ್ತದೆ, ಗುವಾಹಟಿಯಲ್ಲೂ ನಡೆಯುತ್ತದೆ. ರಾಜ್ಯದ ಗಡಿ ಇಲ್ಲಿ ಲೆಕ್ಕಕ್ಕಿಲ್ಲ. ಹೀಗೆ ಒಂದೇ ಕಾರ್ಡಿಗೆ ಒಗ್ಗಿದವರಿಗೆ ಬೇರೆ ಕಡೆ ಎರಡು ದಾಖಲೆ ಕೇಳುತ್ತಾರೆ ಅನ್ನುವುದೇ ಹೊಳೆಯುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ ಲೈಸೆನ್ಸ್ ಬೇರೆ, ವೃತ್ತಿ ಅರ್ಹತೆ ಬೇರೆ. ಗಾಡಿ ಓಡಿಸಲು ಬರುತ್ತದೆ ಎನ್ನುವುದಕ್ಕೆ ಲೈಸೆನ್ಸ್. ಅದನ್ನು ಓಡಿಸಿ ಸಂಬಳ ತೆಗೆದುಕೊಳ್ಳಲು ಮತ್ತೊಂದು ಯೋಗ್ಯತೆ ಬೇಕು. 2003ರಲ್ಲಿ ಒಕ್ಕೂಟ ಹೊರಡಿಸಿದ ನಿರ್ದೇಶನ ಲಾರಿ ಚಾಲಕರಿಗೆ 2009ರ ಸೆಪ್ಟೆಂಬರ್ 10ರಿಂದ ಅನ್ವಯವಾಯಿತು. ಕೋರ್ಸಿನ ದಾರಿಯಲ್ಲಿ ಹೋದರೆ ಮೊದಲ ಅರ್ಹತೆಗೆ 280 ಗಂಟೆ, ಚುಟುಕು ದಾರಿಯಾದರೆ 140 ಗಂಟೆ ತರಬೇತಿ, ಕೊನೆಗೆ ಪರೀಕ್ಷೆ. ಆಮೇಲೂ ಐದು ವರ್ಷಕ್ಕೊಮ್ಮೆ 35 ಗಂಟೆ ಪಾಠಕ್ಕೆ ಕೂರಬೇಕು. ಸರಕನ್ನು ಬಿಗಿದು ಕಟ್ಟುವುದು, ಅಚ್ಚಿನ ಮೇಲೆ ಬೀಳುವ ಭಾರ, ಡೀಸೆಲ್ ಉಳಿತಾಯ, ಪ್ರಥಮ ಚಿಕಿತ್ಸೆ, ದುಡಿಮೆಯ ಗಂಟೆಗಳ ಕಾನೂನು ಎಲ್ಲವೂ ಅದರಲ್ಲಿ ಬರುತ್ತವೆ.

ಅಲ್ಲಿನ ಲೈಸೆನ್ಸ್ ಕಾರ್ಡನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬೈಕು, ಕಾರು, ಲಾರಿ, ಟ್ರೇಲರಿನ ಪುಟ್ಟ ಚಿತ್ರಗಳು ಸಾಲಾಗಿರುತ್ತವೆ. ಪ್ರತಿ ಸಾಲಿನಲ್ಲಿ ಕೊಟ್ಟ ತಾರೀಖು, ಮುಗಿಯುವ ತಾರೀಖು, ಕೊನೆಗೆ 12ನೇ ಅಂಕಣ. ಲಾರಿಯ ಸಾಲಿನ ಆ ಅಂಕಣದಲ್ಲಿ 95 ಎಂಬ ಸಂಖ್ಯೆಯೂ ಅದರ ಮಗ್ಗುಲಲ್ಲಿ ಒಂದು ತಾರೀಖೂ ಇದ್ದರೆ ಈ ಮನುಷ್ಯನನ್ನು ಆ ತಾರೀಖಿನವರೆಗೆ ಕೆಲಸಕ್ಕೆ ಇಟ್ಟುಕೊಳ್ಳಬಹುದು ಎಂದರ್ಥ. ಕೆಲವು ದೇಶಗಳು ಇದನ್ನೇ ಪ್ರತ್ಯೇಕ ಕಾರ್ಡಾಗಿ ಕೊಡುತ್ತವೆ. 95 ಇಲ್ಲದ ಲಾರಿ ಲೈಸೆನ್ಸಿನಿಂದ ಸಾಗಣೆ ಕಂಪನಿಯಲ್ಲಿ ಕೆಲಸ ಸಿಗುವುದಿಲ್ಲ.

ವಿದೇಶಿ ಲೈಸೆನ್ಸ್ ಬದಲಾವಣೆಯ ಮರ್ಮ ಇರುವುದು ಇಲ್ಲೇ. ಒಕ್ಕೂಟ ಬಿಟ್ಟ ಮೇಲೂ ಇದೇ ಪದ್ಧತಿ ಇರುವ ಬ್ರಿಟನ್ನಿನ ಉದಾಹರಣೆ ನೋಡೋಣ. ಆಸ್ಟ್ರೇಲಿಯಾ, ಕೆನಡಾ, ಜಪಾನ್, ದಕ್ಷಿಣ ಆಫ್ರಿಕಾ ಮುಂತಾದ ದೇಶಗಳ ಲೈಸೆನ್ಸನ್ನು ಬದಲಾಯಿಸಿಕೊಡುವ ಪಟ್ಟಿ ಅಲ್ಲಿದೆ. ಭಾರತ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರುವ ದೇಶದವನಿಗೂ ಬದಲಾಗಿ ಸಿಗುವುದು ಕಾರ್ಡು ಮಾತ್ರ. ವೃತ್ತಿ ಅರ್ಹತೆಯ ಪರೀಕ್ಷೆಗಳನ್ನು ಅವನು ಬ್ರಿಟನ್ನಿನಲ್ಲೇ ಪಾಸು ಮಾಡಬೇಕು. ಓದಲು ಹೋದ ನಮ್ಮ ವಿದ್ಯಾರ್ಥಿಗಳು ಅಲ್ಲಿ ಭಾರತದ ಲೈಸೆನ್ಸಿನ ಮೇಲೆ ಹನ್ನೆರಡು ತಿಂಗಳು ಕಾರು ಓಡಿಸುತ್ತಾರೆ. ಅದನ್ನು ನೋಡಿ ಲಾರಿಯೂ ಹಾಗೆಯೇ ಎಂದುಕೊಂಡವರಿದ್ದಾರೆ. ಆ ದೇಶದಲ್ಲೇ ನೋಂದಣಿಯಾದ ಲಾರಿಗೆ ಆ ಸವಲತ್ತು ಇಲ್ಲ.

ಜರ್ಮನಿಯಲ್ಲಿ ಭಾರತದ ಲೈಸೆನ್ಸ್ ನಡೆಯುವುದು ನೆಲೆ ನಿಂತ ದಿನದಿಂದ ಆರು ತಿಂಗಳು. ಆಮೇಲೆ ಲಿಖಿತ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಹೊಸದಾಗಿ ಕೊಡಬೇಕು. ಲೈಸೆನ್ಸಿನ ಲಿಖಿತ ಪರೀಕ್ಷೆಯನ್ನು ಜರ್ಮನ್ ಅಲ್ಲದೆ ಇಂಗ್ಲಿಷ್, ಅರಬ್ಬಿ, ತುರ್ಕಿ, ರಷ್ಯನ್ ಸೇರಿ ಹನ್ನೆರಡು ಭಾಷೆಗಳಲ್ಲಿ ಬರೆಯಬಹುದು. ಆ ಹನ್ನೆರಡರಲ್ಲಿ ಕನ್ನಡವಿಲ್ಲ, ಮರಾಠಿಯಿಲ್ಲ, ಹಿಂದಿಯೂ ಇಲ್ಲ. ಮೂರು ಭಾಷೆ ಸಲೀಸಾಗಿ ಆಡುವ ಶಿರೋಳದ ಹುಡುಗ ಅಲ್ಲಿ ಪರೀಕ್ಷೆಯ ಮೇಜಿನ ಮುಂದೆ ಮೂಕನಾಗುತ್ತಾನೆ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಸರಕು ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವನ್ನು ನಮ್ಮ ಸರ್ಕಾರ 2019ರಲ್ಲಿ ತೆಗೆಯಿತು. ಶಾಲೆ ಬಿಟ್ಟವರ ಹೊಟ್ಟೆಪಾಡಿಗೆ ಅದು ಒಳ್ಳೆಯದನ್ನೇ ಮಾಡಿತು. ಆದರೆ ಪರದೇಶದಲ್ಲಿ ಓದು ಬರಹ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಜಯಸಿಂಗಪುರದ ಕಡೆ ಚಹಾ ಕುಡಿಯುತ್ತ ಕುಳಿತಿದ್ದಾಗ ಕೊಲ್ಲಿಯಿಂದ ಮರಳಿದ ಹಿರಿಯ ಚಾಲಕರೊಬ್ಬರಿಗೆ ಒಬ್ಬ ಹುಡುಗ ಇದನ್ನೇ ಕೇಳುತ್ತಿದ್ದ.

“ಕಾಕಾ, ಇಷ್ಟ ವರ್ಷ ಗಾಡಿ ಹೊಡದೇನಿ. ಮತ್ತ ಅಲ್ಲಿ ಹೋಗಿ ಸಾಲಿ ಕಲೀಬೇಕಂದ್ರ ಹೆಂಗ್ರಿ?”

“ಕಲೀಬೇಕಾಗತೈತಿ ತಮ್ಮಾ. ನಮ್ಮಲ್ಲಿ ಹಗ್ಗ ಬಿಗದರ ಮುಗೀತು. ಅಲ್ಲಿ ಯಾವ ಬೆಲ್ಟು ಎಷ್ಟು ಭಾರ ತಡೀತೈತಿ ಅಂತ ಕೇಳತಾರ. ನಾ ಹೋದಾಗ ಎರಡು ಸಲ ಫೇಲ್ ಆಗೇನಿ.”

ಅನುಭವಕ್ಕೆ ಬೆಲೆಯೇ ಇಲ್ಲವೇ ಎಂಬ ಹುಡುಗನ ಸಂಕಟ ನ್ಯಾಯವಾದದ್ದು. ಯುರೋಪಿನ ನಿಯಮದಲ್ಲಿ ಹಳಬರಿಗೆ ಒಂದು ರಿಯಾಯಿತಿ ಇದೆ: 2009ರ ಆ ತಾರೀಖಿಗೆ ಮೊದಲೇ ಲಾರಿ ಲೈಸೆನ್ಸ್ ಪಡೆದಿದ್ದವರಿಗೆ ಮೊದಲ ಅರ್ಹತೆಯ ಪರೀಕ್ಷೆ ಇಲ್ಲ. ಆದರೆ ಅದು ಅಲ್ಲಿನ ಲೈಸೆನ್ಸಿಗೆ, ಇಲ್ಲವೇ ಅದಕ್ಕೆ ಸಮ ಎಂದು ಅವರು ಒಪ್ಪಿದ ಲೈಸೆನ್ಸಿಗೆ ಸಲ್ಲುವ ಮಾತು. ನಮ್ಮ ಕಾರ್ಡನ್ನು ಸಮ ಎಂದು ಒಪ್ಪದ ದೇಶದಲ್ಲಿ 1998ರ ಕೊಲ್ಹಾಪುರದ ಲೈಸೆನ್ಸ್ ತೋರಿಸಿ ರಿಯಾಯಿತಿ ಕೇಳಲು ಬರುವುದಿಲ್ಲ.

ಆದರೂ ಆ ಪದ್ಧತಿಯನ್ನು ನಾನು ಬೈಯಲಾರೆ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆ ಓಡಿಸಬಹುದು. ಗಾಡಿಯಲ್ಲಿ ಕೂರಿಸಿದ ಟ್ಯಾಕೋಗ್ರಾಫ್ ಯಂತ್ರ ನಿಮಿಷ ನಿಮಿಷವನ್ನೂ ಬರೆದಿಡುತ್ತದೆ. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದೇ ಹೇಳಿತು. ಬರೆದಿಡುವ ಯಂತ್ರವಿಲ್ಲದ ಕಾರಣ ಆ ಮಾತು ರಾತ್ರಿಯಿಡೀ ಕಣ್ಣುಜ್ಜಿಕೊಂಡು ಗಾಡಿ ಹೊಡೆಯುವವನ ಕ್ಯಾಬಿನ್ನಿಗೆ ತಲುಪಲೇ ಇಲ್ಲ. ತರಬೇತಿಯ ಗತಿಯೂ ಇದೇ. ಕೇಂದ್ರ ನಿಯಮದ ಪ್ರಕಾರ ಭಾರಿ ವಾಹನಕ್ಕೆ ಕನಿಷ್ಠ ಮೂವತ್ತು ದಿನ, ಹದಿನೈದು ಗಂಟೆ ಚಾಲನೆ ಆಗಬೇಕು. ಗಾಡಿ ಹತ್ತದವರಿಗೂ ಫಾರಂ 5 ಸಿಕ್ಕ ಕಥೆಗಳು ಎಲ್ಲ ಊರಲ್ಲೂ ಇವೆ. 2021ರ ಜುಲೈ 1ರಿಂದ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಭಾರಿ ವಾಹನಕ್ಕೆ ಆರು ವಾರ, 38 ಗಂಟೆ ಎಂದಿದೆ. ಅಂಥ ಕೇಂದ್ರಗಳು ಗಡಿ ಜಿಲ್ಲೆಗಳಲ್ಲಿ ಹೆಚ್ಚಬೇಕು. ಸರಕು ಬಿಗಿಯುವ ಲೆಕ್ಕ, ಟ್ಯಾಕೋಗ್ರಾಫಿನ ಬಳಕೆ, ಬಲಬದಿಯ ರಸ್ತೆಯ ಅಭ್ಯಾಸ ಇವನ್ನೆಲ್ಲ ಕನ್ನಡದಲ್ಲೂ ಮರಾಠಿಯಲ್ಲೂ ಕಲಿಸಬೇಕು. ತಾಯ್ನುಡಿಯಲ್ಲಿ ಒಮ್ಮೆ ತಲೆಗೆ ಹೋದದ್ದನ್ನು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಬರೆಯುವುದು ಅಷ್ಟು ಕಷ್ಟವಾಗದು.

ಮರಳಿ ಬಂದವರ ಗೋಳು ಬೇರೆ. ಹೊರದೇಶದ ಲೈಸೆನ್ಸಿಗೆ ನಮ್ಮ ಕಾನೂನು ಉದಾರವಾಗಿದೆ: 1988ರ ಮೋಟಾರು ವಾಹನ ಕಾಯ್ದೆಯ 9ನೇ ಕಲಮಿನಂತೆ, ಅದೇ ವರ್ಗದ ವಿದೇಶಿ ಲೈಸೆನ್ಸ್ ಇದ್ದವರು ಡಾಕ್ಟರ ಪ್ರಮಾಣಪತ್ರ ಕೊಟ್ಟರೆ ಚಾಲನಾ ಪರೀಕ್ಷೆ ಬೇಕಿಲ್ಲ. ಆದರೆ ಅದೇ ಕಲಮಿನ ಇನ್ನೊಂದು ಉಪಕಲಂ ಸರಕು ವಾಹನಕ್ಕೆ ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರ ಬೇಕೇ ಬೇಕು ಎನ್ನುತ್ತದೆ. ವರ್ಷಗಟ್ಟಲೆ ಮರುಭೂಮಿಯಲ್ಲಿ ಟ್ರೇಲರ್ ಎಳೆದವರೂ ಸ್ಕೂಲಿನ ಬಾಗಿಲಿಗೆ ಹೋಗಬೇಕು. ಇದನ್ನು ತಪ್ಪಿಸಲು ಇಲ್ಲಿನ ಲೈಸೆನ್ಸನ್ನು ಜೀವಂತ ಇಟ್ಟುಕೊಳ್ಳುವುದೇ ಸುಲಭ. ಸರಕು ವಾಹನದ ಲೈಸೆನ್ಸ್ ಮೊದಲು ಮೂರು ವರ್ಷಕ್ಕೆ ಇರುತ್ತಿತ್ತು, 2019ರ ತಿದ್ದುಪಡಿಯಿಂದ ಐದು ವರ್ಷವಾಯಿತು. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಪರೀಕ್ಷೆ ಕೊಡಬೇಕು. ಎರಡು ಕಾಂಟ್ರಾಕ್ಟ್ ಮುಗಿಸಿ ಬರುವಷ್ಟರಲ್ಲಿ ಈ ಗಡುವು ಎಷ್ಟೋ ಜನರ ಕೈತಪ್ಪುತ್ತದೆ. ವಿಮಾನ ಹತ್ತುವ ಮೊದಲು ಕಾರ್ಡಿನ ತಾರೀಖು ನೋಡಿಕೊಳ್ಳಿ. ಆರ್‌ಟಿಒ ಕೊಡುವ ಒಂದು ವರ್ಷದ ಅಂತರರಾಷ್ಟ್ರೀಯ ಪರ್ಮಿಟ್ ಪ್ರವಾಸಿಗರಿಗೆ ಅನುಕೂಲ, ಆದರೆ ಲಾರಿ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ.

ಕೊಲ್ಲಿ ದೇಶಗಳಿಗೆ ಹೋಗುವವರು ಹತ್ತನೇ ಪಾಸಾಗಿರದಿದ್ದರೆ ಸಾಮಾನ್ಯವಾಗಿ ಸರ್ಕಾರದ ವಲಸೆ ಅನುಮತಿ ಬೇಕಾಗುತ್ತದೆ. ಯುರೋಪಿಗೆ ಆ ತಪಾಸಣೆ ಇಲ್ಲ, ಹಾಗಾಗಿ ಅಲ್ಲಿ ಮೋಸಕ್ಕೆ ಜಾಗ ಹೆಚ್ಚು. ಆದರೆ ಯಾವ ದೇಶಕ್ಕೆ ಕಳಿಸುವುದಾದರೂ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹುಡುಕಿದರೆ ತಿಳಿಯುತ್ತದೆ. ಅವರು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಲಕ್ಷಗಳ ಮಾತು ಬಂದರೆ ಅಲ್ಲೇ ಎದ್ದು ಬನ್ನಿ. ಲೈಸೆನ್ಸ್ ಬದಲಾಯಿಸಿ ಕೊಡುತ್ತೇವೆ ಎಂದರೆ ಯಾವ ದೇಶದಲ್ಲಿ, ಯಾವ ವರ್ಗಕ್ಕೆ ಎಂದು ಕೇಳಿ. 140 ಗಂಟೆಯ ತರಬೇತಿಯ ಖರ್ಚು ಯಾರದು, ಪರೀಕ್ಷೆ ಯಾವ ಭಾಷೆಯಲ್ಲಿ, ಕಾರ್ಡಿನ ಮೇಲೆ 95 ಬೀಳುವ ತನಕ ಊಟಕ್ಕೆ, ಬಾಡಿಗೆಗೆ ಯಾರು ಕೊಡುತ್ತಾರೆ, ಫೇಲಾದರೆ ಮರಳಿ ಬರುವ ಟಿಕೆಟ್ ಯಾರದು ಎಂದೂ ಕೇಳಿ. ಈ ಉತ್ತರಗಳು ಕಂಪನಿಯ ಕರಾರುಪತ್ರದಲ್ಲಿ ಬರಹದಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ.