ತುಂಗಭದ್ರೆಯ ಪಾಲುಪಟ್ಟಿ

1953ನೆಯ ಇಸವಿಯ ಅಕ್ಟೋಬರ್ 1ನೆಯ ತಾರೀಖು, ಆಂಧ್ರ ರಾಜ್ಯವು ಮದರಾಸಿನಿಂದ ಬೇರ್ಪಟ್ಟು ಕರ್ನೂಲನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಉದಯಿಸಿದ ದಿನವೇ, ಅಲ್ಲಿಯವರೆಗೆ ಒಂದೇ ಜಿಲ್ಲೆಯಾಗಿದ್ದ ಬಳ್ಳಾರಿ ಸೀಮೆಯೂ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿಯನ್ನೊಳಗೊಂಡಂತೆ ಉಳಿದವು ಮೈಸೂರಿಗೂ ಸೇರಿದುವು. ಬೀಗರ ಮನೆ ಒಂದು ರಾಜ್ಯದಲ್ಲಿ, ಸಂತೆಯ ಊರು ಇನ್ನೊಂದರಲ್ಲಿ ಎಂಬಂತಾಯಿತು. ನೆಲದ ಮೇಲೆ ಗೆರೆಯೆಳೆಯುವುದು ಹೇಗೋ ಸಾಧ್ಯವಾಯಿತಾದರೂ, ಆ ವರ್ಷದ ಜುಲೈ ತಿಂಗಳಿನಲ್ಲಷ್ಟೇ ಮೊದಲ ಬಾರಿಗೆ ಕಾಲುವೆಗೆ ನೀರು ಬಿಟ್ಟಿದ್ದ, ಇನ್ನೂ ಕೆಲಸ ಪೂರ್ತಿಯಾಗದಿದ್ದ ತುಂಗಭದ್ರಾ ಅಣೆಕಟ್ಟೆಯನ್ನು ಹಾಗೆ ಸೀಳಿ ಹಂಚುವುದು ಯಾರ ಕೈಯಿಂದಲೂ ಆಗತಕ್ಕ ಕೆಲಸವಾಗಿರಲಿಲ್ಲ. ಆದುದರಿಂದ ರಾಜ್ಯಗಳನ್ನು ಬೇರ್ಪಡಿಸಿದ ಆ ಆಂಧ್ರ ರಾಜ್ಯ ಅಧಿನಿಯಮವೇ ತನ್ನ 66ನೆಯ ಪ್ರಕರಣದಲ್ಲಿ, ಈ ಯೋಜನೆಯ ಪೂರೈಕೆಗೂ ನಿರ್ವಹಣೆಗೂ ಬೇಕಾದ ಏರ್ಪಾಡನ್ನು ರಾಷ್ಟ್ರಪತಿಗಳು ಮಾಡಬಹುದೆಂದು ವಿಧಿಸಿತು. ಅದರ ಪ್ರಕಾರ 1955ರ ಮಾರ್ಚ್ ತಿಂಗಳಿನಲ್ಲಿ ತುಂಗಭದ್ರಾ ಮಂಡಳಿಯು ರೂಪುಗೊಂಡಿತು. ಕೋಸಿಗಿ, ಕೌತಾಳಂ, ಮಂತ್ರಾಲಯ, ಎಮ್ಮಿಗನೂರುಗಳ ಕಡೆ ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುತ್ತ ಬಾಳುವ ಸಾವಿರಾರು ರೈತಕುಟುಂಬಗಳಿಗೆ, ಗಡಿಯ ಎರಡು ಕಡೆಯನ್ನೂ ಇಂದಿಗೂ ಒಂದಾಗಿ ಹಿಡಿದಿರುವ ಸರ್ಕಾರೀ ಸಂಸ್ಥೆ ಯಾವುದೆಂದರೆ ಇದೇ.

ಮಂಡಳಿಯೆಂದರೆ ದೊಡ್ಡ ಸಭೆಯೆಂದು ಯಾರೂ ಎಣಿಸಬಾರದು. ಭಾರತ ಸರ್ಕಾರವು ನೇಮಿಸುವ ಅಧ್ಯಕ್ಷರೊಬ್ಬರು. ಕೇಂದ್ರದ ಪರವಾಗಿ ಒಬ್ಬರು, ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ಪರವಾಗಿ ಒಬ್ಬೊಬ್ಬರು—ಇಷ್ಟೇ ಅದರ ಸದಸ್ಯಬಲ. ತೆಲಂಗಾಣದ ಆಸನವು 2014ರಲ್ಲಿ ಆಂಧ್ರಪ್ರದೇಶದ ವಿಭಜನೆಯಾದ ತರುವಾಯ ಸೇರಿದುದು. ಹೊಸಪೇಟೆಗೆ ಹತ್ತಿರದ ತುಂಗಭದ್ರಾ ಡ್ಯಾಮಿನಲ್ಲಿ ಅದರ ಕಚೇರಿ. ಜಲಾಶಯ, ಬಲದಂಡೆಯ ಮೇಲ್ಮಟ್ಟದ ಕಾಲುವೆಯ ಸುಮಾರು 105 ಕಿಲೋಮೀಟರು, ಕೆಳಮಟ್ಟದ ಕಾಲುವೆಯ ಸುಮಾರು 250 ಕಿಲೋಮೀಟರು, ಅಣೆಕಟ್ಟೆಯ ಬುಡದಲ್ಲಿಯೂ ಹಂಪಿಯಲ್ಲಿಯೂ ಇರುವ ವಿದ್ಯುದಾಗಾರಗಳು, ಇವಲ್ಲದೆ ಒಂದು ಮೀನುಸಾಕಣೆಯ ವಿಭಾಗವೂ ಅದರ ಆಡಳಿತಕ್ಕೆ ಒಳಪಟ್ಟಿವೆ. ಹಣವನ್ನು ಪಾಲುಗಾರ ರಾಜ್ಯಗಳು ಕೊಡುತ್ತವೆ. ಇಂಜಿನಿಯರುಗಳನ್ನೂ ಗುಮಾಸ್ತರನ್ನೂ ಅವೇ ಎರವಲಾಗಿ ಕಳುಹಿಸುತ್ತವೆ. ತನ್ನದೇ ಆದ ಖಜಾನೆಯಿಲ್ಲದೆ, ಪರಸ್ಪರ ಸಂದೇಹದಿಂದ ನೋಡಿಕೊಳ್ಳುವ ಸರ್ಕಾರಗಳಿಂದಲೇ ಅನ್ನವನ್ನೂ ಆಳುಗಳನ್ನೂ ಪಡೆದು, ಆ ಸರ್ಕಾರಗಳ ನಡುವೆಯೇ ನ್ಯಾಯ ಹೇಳಬೇಕಾದ ಸಂಸ್ಥೆಯ ಕಷ್ಟವೇನೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಈ ನದಿಗೆ ಆಡಳಿತ ಮಂಡಳಿಯೊಂದು ದೊರೆತದ್ದು ಇದೇ ಮೊದಲಲ್ಲ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಹರಿಯುತ್ತಿರುವ ಮಾತಿರಲಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮದ್ರಾಸ್ ನೀರಾವರಿ ಮತ್ತು ಕಾಲುವೆ ಕಂಪೆನಿಯೆಂಬ ಆಂಗ್ಲ ಬಂಡವಳಿಗರ ಕೂಟವು ಕರ್ನೂಲಿಗೆ ಮೇಲಣ ಸುಂಕೇಶುಲದಲ್ಲಿ ಅಡ್ಡಗಟ್ಟೆ ಕಟ್ಟಿ, ಕಡಪೆಯವರೆಗೆ ಕಾಲುವೆ ತೋಡಿ, ನೀರನ್ನು ಮಾರಿ ಷೇರುದಾರರಿಗೆ ಲಾಭ ಹಂಚುವುದಾಗಿ ಹೊರಟಿತ್ತು. ಲಂಡನ್ನಿನಲ್ಲಿ ಕುಳಿತ ನಿರ್ದೇಶಕರಿಗೆ ಈ ಸೀಮೆಯ ಎರೆಹೊಲವೂ ತಿಳಿಯದು, ಮಳೆ ಬಂದ ವರ್ಷ ಕಾಸು ಕೊಟ್ಟು ಕಾಲುವೆಯ ನೀರನ್ನು ಕೊಳ್ಳಲೊಲ್ಲದ ರೈತನ ಮನಸ್ಸೂ ತಿಳಿಯದು. ಕಂಪೆನಿ ಸೋತಿತು, 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ಅಷ್ಟರಲ್ಲಿ 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ, ಆದವಾನಿ, ಕರ್ನೂಲುಗಳನ್ನು ಬರಿದುಮಾಡಿ ಹೋಗಿತ್ತು. ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಸೂಚಿಸಿದ್ದ ಮಹಾಜಲಾಶಯದ ವಿಚಾರವು, ಮದರಾಸು ಮತ್ತು ಹೈದರಾಬಾದು ಸರ್ಕಾರಗಳ ವಾದವಿವಾದಗಳಲ್ಲಿ ಎಂಬತ್ತು ವರ್ಷಗಳನ್ನು ಕಳೆದು, ಕೊನೆಗೆ 1945ರ ಫೆಬ್ರವರಿ 28ರಂದು ನದಿಯ ಎರಡೂ ದಡಗಳಲ್ಲಿ ಬೇರೆಬೇರೆಯಾಗಿ ಶಂಕುಸ್ಥಾಪನೆಯನ್ನು ಕಂಡಿತು. ಒಂದು ಕಟ್ಟೆಗೆ ಎರಡು ಅಡಿಗಲ್ಲು! ಆ ಎರಡು ಕಲ್ಲುಗಳನ್ನು ಇಟ್ಟಂದಿನಿಂದಲೇ ಮಂಡಳಿಯ ಆವಶ್ಯಕತೆ ಹುಟ್ಟಿತೆಂದು ನಾನು ಭಾವಿಸುತ್ತೇನೆ.

ಮಂಡಳಿಯ ಸದಸ್ಯನ ಕೆಲಸವೇನು? ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಜಲವರ್ಷ ಮೊದಲಾದಾಗ, ಮುಂದೆ ಒಟ್ಟು ಎಷ್ಟು ನೀರು ದೊರಕೀತೆಂದು ಅಂದಾಜು ಮಾಡಿ, ತಿಂಗಳಿಗಿಷ್ಟು, ಕಾಲುವೆಗಿಷ್ಟು ಎಂದು ಕೋಷ್ಟಕವೊಂದನ್ನು ಸಿದ್ಧಪಡಿಸುತ್ತಾರೆ. ಇದಕ್ಕೆ ವರ್ಕಿಂಗ್ ಟೇಬಲ್ ಎಂದು ಹೆಸರು. ಕೃಷ್ಣಾ ಜಲವಿವಾದವನ್ನು ವಿಚಾರಿಸಿದ ಬಚಾವತ್ ನ್ಯಾಯಾಧಿಕರಣದ ತೀರ್ಪಿನಂತೆ ಜಲಾಶಯದಲ್ಲಿ ಲಭ್ಯವಾಗುವುದೆಂದು ಎಣಿಸಿದ 230 ಟಿ.ಎಂ.ಸಿ. ನೀರಿನಲ್ಲಿ 151.49 ಕರ್ನಾಟಕಕ್ಕೆ, 72 ಆಂಧ್ರಕ್ಕೆ, 6.51 ತೆಲಂಗಾಣಕ್ಕೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮಳೆ ಕೊರತೆಯಾದ ವರ್ಷ ಇದೇ ಪ್ರಮಾಣದಲ್ಲಿ ಎಲ್ಲರ ಪಾಲೂ ಕುಗ್ಗುತ್ತದೆ. ಋತು ಮುಂದುವರಿದಂತೆ ಕೋಷ್ಟಕವನ್ನು ಮತ್ತೆ ಮತ್ತೆ ತಿದ್ದುತ್ತಾರೆ. ರಾಜ್ಯಗಳು ತಮಗೆ ಇಂಥ ದಿನದಿಂದ ಇಷ್ಟು ಕ್ಯೂಸೆಕ್ಸ್ ಬೇಕೆಂದು ಇಂಡೆಂಟು ಕಳುಹಿಸುತ್ತವೆ, ಮಂಡಳಿ ಬಿಡುತ್ತದೆ, ಬಿಟ್ಟುದನ್ನು ಅಳೆದು ಅವರವರ ಖಾತೆಗೆ ಬರೆಯುತ್ತದೆ.

ಹೇಳುವುದಕ್ಕೆ ಇದು ಸುಲಭ. ಆದರೆ ಕಾಲುವೆಯ ದಂಡೆಯ ಮೇಲೆ ನಡೆದು, ಕಲ್ಲಿನ ಕಟ್ಟಡಕ್ಕೆ ಅಂಟಿಸಿದ ಗೇಜಿನ ಮುಂದೆ ನಿಂತು ನೋಡಿದವರಿಗೆ ಈ ಲೆಕ್ಕ ಎಷ್ಟು ಸೂಕ್ಷ್ಮವೆಂಬುದು ಮನದಟ್ಟಾಗುತ್ತದೆ. ಬಿಳಿಯ ಬಣ್ಣದ ಮೇಲೆ ಕಪ್ಪು ಗೆರೆಗಳು, ಕೆಳಗಿನ ಅಂಕಿಗಳನ್ನು ಮರೆಮಾಡಿದ ಪಾಚಿ, ಅಲೆಯ ಏರಿಳಿತದಿಂದ ಎರಡು ಗೆರೆಗಳ ನಡುವೆ ನಿಲ್ಲದೆ ಆಡುವ ನೀರಿನ ಅಂಚು. ಕಾಲುವೆಯನ್ನು ಕಾಯುವ ನೌಕರನಾದ ಲಸ್ಕರನು ಬಗ್ಗಿ, ಅಲೆ ತಗ್ಗುವವರೆಗೆ ಕಾದು, ಒಂದು ಅಂಕಿಯನ್ನು ನಿರ್ಧರಿಸಿ ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಅವನು ಒಂದು ಗೆರೆ ಮೇಲೆ ಬರೆದರೆ ಒಂದು ರಾಜ್ಯಕ್ಕೆ ಲಾಭ, ಕೆಳಗೆ ಬರೆದರೆ ಮತ್ತೊಂದಕ್ಕೆ. ಮೇಲೆ ಸಭೆಯಲ್ಲಿ ಕುಳಿತ ಮುಖ್ಯ ಇಂಜಿನಿಯರರ ವಾದಗಳೆಲ್ಲವೂ ಈ ಲಸ್ಕರನ ಕಣ್ಣಿನ ಪ್ರಾಮಾಣಿಕತೆಯನ್ನು ಆಶ್ರಯಿಸಿ ನಿಂತಿವೆ.

ತನ್ನನ್ನು ಕಳುಹಿಸಿದ ಸರ್ಕಾರದ ಪಾಲನ್ನು ಒಂದು ಹನಿಯೂ ಬಿಡದೆ ಕೇಳುವುದು ಸದಸ್ಯನಿಗೆ ವಿಹಿತವಾದ ಕರ್ತವ್ಯ. ಅದನ್ನು ಮಾಡದವನು ಊರಿಗೆ ಹಿಂದಿರುಗಿ ಮುಖ ತೋರಿಸಲಾರ. ಆದರೆ ಎದುರು ಪಕ್ಷದವನು ಮುಂದಿಟ್ಟ ಅಂಕಿ ಸರಿಯಾದುದೆಂದು ತಿಳಿದ ಮೇಲೆಯೂ ಅದನ್ನು ಒಪ್ಪದಿದ್ದರೆ ಮಾರನೆಯ ದಿನ ತನ್ನ ಅಂಕಿಯನ್ನೂ ಯಾರೂ ಒಪ್ಪುವುದಿಲ್ಲವೆಂಬ ವಿವೇಕ ಅವನಲ್ಲಿರಬೇಕು. ಈ ಪೀಠದಲ್ಲಿ ಕುಳಿತುಕೊಳ್ಳುವವರಿಗೆ ಜಲಶಾಸ್ತ್ರದ ಜ್ಞಾನಕ್ಕಿಂತಲೂ ಮಿಗಿಲಾಗಿ ಬೇಕಾದ ಗುಣ ಇದೆಂಬುದು ನನ್ನ ದೃಢವಾದ ಅಭಿಪ್ರಾಯ. ಏಳು ದಶಕಗಳಲ್ಲಿ ಪತ್ರಿಕೆಗಳ ಮುಖಪುಟಕ್ಕೆ ಬಂದ ಜಗಳಗಳು ಹಲವು; ಜಗಳವಿಲ್ಲದೆ ಬರೆದು ಮುಗಿಸಿದ ದಿನಗಳ ಲೆಕ್ಕ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾವೇರಿಯ ಗಲಭೆಗಳನ್ನು ಕಂಡ ನಾಡು ಈ ನಿಶ್ಶಬ್ದವಾದ ಕೆಲಸಕ್ಕೆ ಇನ್ನಷ್ಟು ಗೌರವ ಸಲ್ಲಿಸಬೇಕಾಗಿತ್ತು.

ಆ ಕೆಲಸದ ಮರ್ಮ ಜನರಿಗೆ ತಿಳಿದದ್ದು ಆಪತ್ತಿನಲ್ಲಿ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ತುಳುಕುತ್ತಿದ್ದಾಗ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ಮೂರು ರಾಜ್ಯಗಳ ರೈತರು ನಂಬಿಕೊಂಡಿದ್ದ ನೀರನ್ನು ಕಣ್ಣೆದುರಿಗೇ ನದಿಗೆ ಬಿಡಬೇಕಾಯಿತು. ಗೇಟುತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದೊಳಗೆ ಕಂಡಿಯನ್ನು ಮುಚ್ಚಿದರು. ಆ ವರ್ಷದ ಮಳೆಯೂ ಕೈಹಿಡಿದುದರಿಂದ ಜಲಾಶಯ ಮತ್ತೆ ತುಂಬಿತು. ಎಲ್ಲ ಗೇಟುಗಳನ್ನೂ ಬದಲಾಯಿಸಬೇಕೆಂಬ ತೀರ್ಮಾನ ಅಲ್ಲಿಂದ ಹುಟ್ಟಿತು. ಗೇಟಿಗಿಂತಲೂ ದೊಡ್ಡ ಚಿಂತೆ ಹೂಳಿನದು: ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ 2016ರ ಅಳತೆಯಂತೆ ಹಿಡಿಯುವುದು 105.79 ಮಾತ್ರ. ತೀರ್ಪಿನ ಪಾಲು ಹಿಂದಿನಂತೆಯೇ ಇದೆ, ಪಾತ್ರೆ ಕುಗ್ಗಿದೆ.

ಕುಗ್ಗಿದುದರ ಬಿಸಿ ಎಲ್ಲಕ್ಕಿಂತ ಮೊದಲು ತಟ್ಟುವುದು ಆದವಾನಿಯ ಕಡೆಗೆ. ಕೆಳಮಟ್ಟದ ಕಾಲುವೆಯ ಕೆಳಗೆ ಕರ್ನೂಲು ಸೀಮೆಯಲ್ಲಿ ಗೊತ್ತುಮಾಡಿದ ಆಯಕಟ್ಟು ಒಂದೂವರೆ ಲಕ್ಷ ಎಕರೆ. ಯೋಜನೆ ರೂಪಿಸಿದವರ ಉದ್ದೇಶ ಬರದಿಂದ ರಕ್ಷಣೆ. ಆದುದರಿಂದ ಹೆಚ್ಚು ನೆಲಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರು ಹರಡಿ, ಜೋಳ, ಹತ್ತಿ, ಕಡಲೆಯಂಥ ಬೆಳೆಗಳನ್ನು ಉಳಿಸಿಕೊಳ್ಳಬೇಕೆಂದು ಅವರು ಇಂಥ ಸರ್ವೆ ನಂಬರಿಗೆ ಇಂಥ ಬೆಳೆಯೆಂದು ನಿಗದಿ ಮಾಡಿದ್ದರು. ಆದರೆ ಕಾಲುವೆಯ ತಲೆಭಾಗದಲ್ಲಿ, ತೂಬಿನ ಮಗ್ಗುಲಲ್ಲೇ ಹೊಲವಿದ್ದವರು ಬತ್ತದ ಕಡೆಗೆ ತಿರುಗಿದರು. ಅವರನ್ನು ದೂಷಿಸುವುದು ಸುಲಭ. ಕೈಗೆಟಕುವ ನೀರನ್ನೂ ಪೇಟೆಯಲ್ಲಿ ಬತ್ತಕ್ಕಿರುವ ಬೆಲೆಯನ್ನೂ ಬಿಟ್ಟುಕೊಡುವ ರೈತ ಯಾವ ಊರಿನಲ್ಲಿದ್ದಾನೆ? ಪರಿಣಾಮವಾದರೋ ಕೊನೆಯಂಚಿನವನಿಗೆ: ಲೆಕ್ಕದಲ್ಲಿ ಬಿಟ್ಟ ನೀರು ದಾರಿಯಲ್ಲಿ ಪಂಪುಗಳಿಗೂ ಸೋರಿಕೆಗೂ ಸಂದು, ಅವನ ಹೊಲಕ್ಕೆ ಬರುವಾಗ ಬೆಳೆಯ ಹದ ಮೀರಿರುತ್ತದೆ. ಆದವಾನಿ ಪಟ್ಟಣವು ಕುಡಿಯುವ ನೀರಿಗಾಗಿ ಬಸಾಪುರದಲ್ಲಿ ಕೆರೆ ಕಟ್ಟಿ ತುಂಬಿಸಿಕೊಳ್ಳುವುದು ಇದೇ ಕಾಲುವೆಯಿಂದ. ಬೇಸಗೆಗೆ ಮುನ್ನ ಆ ಕೆರೆ ತುಂಬದಿದ್ದರೆ ಬೀದಿಬೀದಿಯಲ್ಲಿ ಬಿಂದಿಗೆಗಳ ಸಾಲು. ಮಂತ್ರಾಲಯ, ಕೋಸಿಗಿಗಳ ಕಡೆ ಗುರುರಾಘವೇಂದ್ರ ಏತನೀರಾವರಿ ಎಂಬ ಹೆಸರಿನಲ್ಲಿ ನದಿಯಿಂದಲೇ ನೀರೆತ್ತುವ ಯಂತ್ರಗಳನ್ನು ಹೂಡಿದುದು, ಕಾಲುವೆಯ ಕೊರತೆಯನ್ನು ತುಂಬುವುದಕ್ಕಾಗಿ.

ಹೊಸಪೇಟೆಯ ಪೀಠದಲ್ಲಿ ಈ ಕೊನೆಯಂಚಿನ ರೈತನಿಗೆ ಆಸನವಿಲ್ಲ. ಅವನಿಗೆ ದೊರೆತಿರುವುದು ಇನ್ನೊಂದು ಕಿರಿಯ ಪೀಠ. 1997ರ ರೈತರ ನೀರಾವರಿ ನಿರ್ವಹಣಾ ಅಧಿನಿಯಮದಿಂದ ಆಂಧ್ರಪ್ರದೇಶದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ನೀರು ಬಳಕೆದಾರರ ಸಂಘಗಳು ಏಕಕಾಲದಲ್ಲಿ ಹುಟ್ಟಿಕೊಂಡುವು. ಸಂಘದ ಎಲ್ಲೆಯನ್ನು ವಿಭಾಗಗಳನ್ನಾಗಿ ಮಾಡಿ, ವಿಭಾಗಕ್ಕೊಬ್ಬ ಸದಸ್ಯನನ್ನು ಆಯಕಟ್ಟಿನ ರೈತರೇ ಆರಿಸುತ್ತಾರೆ. ಅವುಗಳ ಮೇಲೆ ಉಪಕಾಲುವೆಯ ಸಮಿತಿ, ಅದರ ಮೇಲೆ ಯೋಜನಾ ಸಮಿತಿ. ನಡುವೆ ಬಹುಕಾಲ ನಿಂತುಹೋಗಿದ್ದ ಚುನಾವಣೆ 2024ರ ಡಿಸೆಂಬರಿನಲ್ಲಿ ಮತ್ತೆ ನಡೆಯಿತು. ಸರದಿಯ ಪಟ್ಟಿ ಮಾಡುವುದು, ಹೂಳೆತ್ತಿಸುವುದು, ಅಕ್ರಮ ತೂಬನ್ನು ಮುಚ್ಚಿಸುವುದು, ನೀರಿನ ತೆರಿಗೆಯ ವಸೂಲಿಗೆ ನೆರವಾಗುವುದು—ಇವು ಸದಸ್ಯನ ಕರ್ತವ್ಯಗಳು. ಮಂಡಳಿಯ ಸದಸ್ಯನಿಗೆ ಎದುರು ರಾಜ್ಯದವನು ಅಪರಿಚಿತ. ಇಲ್ಲಿಯ ಸದಸ್ಯನು ಮುಚ್ಚಿಸಬೇಕಾದ ತೂಬು ಸ್ವಂತ ಚಿಕ್ಕಪ್ಪನದಿರಬಹುದು, ಬೀಗರದಿರಬಹುದು. "ಮಾವಾ, ಈ ರಾತ್ರಿ ನಿಮ್ಮ ಸರದಿಯಲ್ಲ, ಬಾಗಿಲು ಇಳಿಸ್ರಿ" ಎಂದು ಹೇಳಿ, ಮಾರನೆಯ ದಿನ ಅದೇ ಮನೆಯ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂಡಬಲ್ಲವನೇ ಈ ಕೆಲಸಕ್ಕೆ ತಕ್ಕವನು. ಅಂಥವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಸಂಬಳವಿಲ್ಲ, ಸನ್ಮಾನವೂ ಅಪರೂಪ.

ಈ ಏರ್ಪಾಡಿನಲ್ಲಿ ಸರಿಪಡಿಸಲೇಬೇಕಾದ ಲೋಪವೊಂದಿದೆ. ಮತದ ಹಕ್ಕು ದಾಖಲೆಯಲ್ಲಿ ಭೂಮಿ ಯಾರ ಹೆಸರಿಗಿದೆಯೋ ಅವರಿಗೆ. ದಾಖಲೆಯಾದರೋ ಬಹುಪಾಲು ಗಂಡಸರ ಹೆಸರಿನಲ್ಲಿದೆ. ಗಂಡ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿರುವ ತಿಂಗಳುಗಳಲ್ಲಿ, ಕೋಸಿಗಿ, ಕೌತಾಳಂ ಕಡೆಯ ಹೊಲಗಳಲ್ಲಿ ಸಲಿಕೆ ಹಿಡಿದು ನೀರು ತಿರುವುವ ಹೆಣ್ಣುಮಗಳು ಸರದಿ ತಪ್ಪಿದ ಸಂಗತಿಯನ್ನು ಎಲ್ಲರಿಗಿಂತ ಮೊದಲು ಬಲ್ಲಳು, ಯಾವ ತೂಬು ಎಷ್ಟು ಹೊತ್ತು ತೆರೆದಿತ್ತೆಂಬುದನ್ನೂ ಬಲ್ಲಳು. ಸಂಘದ ಮತದಾರರ ಪಟ್ಟಿಯನ್ನು ಇನ್ನೊಮ್ಮೆ ಬರೆಯುವಾಗ ಮೊದಲು ಸೇರಿಸಬೇಕಾದದ್ದು ಅವಳ ಹೆಸರು.